ಬರೀ ಮಾವ

ಬೆಟಗೇರಿಯಲ್ಲಿ ಮೌನೇಶ ಬಡಿಗೇರನ ಗ್ಯಾರೇಜು ಎಲ್ಲಿ ಎಂದು ಕೇಳಿದರೆ ಯಾರೂ ಓಣಿಯ ಹೆಸರು ಹೇಳುವುದಿಲ್ಲ. "ಮಾತು ಎಲ್ಲಿಂದ ಕೇಳಸ್ತೈತಿ ಅಲ್ಲಿಗೆ ಹೋಗ್ರಿ" ಎನ್ನುತ್ತಾರೆ. ಯಾವ ಗಳಿಗೆಯಲ್ಲಿ ಆ ಹೆಸರು ಇಟ್ಟರೋ ಪುಣ್ಯಾತ್ಮರು, ಮೌನಕ್ಕೂ ಈ ಮನುಷ್ಯನಿಗೂ ಎಣ್ಣೆ ಸೀಗೆಕಾಯಿ. ಪ್ಲಗ್ಗು ಬಿಚ್ಚುವಾಗ ಒಂದು ಸುದ್ದಿ, ಹಾಕುವಾಗ ಇನ್ನೊಂದು. ಮುಂಡರಗಿಯಿಂದ ಗಾಡಿ ತಂದವನಿಗೆ ಶಿರಹಟ್ಟಿಯ ಖಬರು, ಶಿರಹಟ್ಟಿಯವನಿಗೆ ಮುಂಡರಗಿಯದು. ಚಹಾ ತಣ್ಣಗಾದರೂ ಮಾತು ತಣ್ಣಗಾಗುವುದಿಲ್ಲ.

ಇಂಥವನ ಬಾಯಿಂದ ಒಂದೇ ಒಂದು ಮಾತು ಮಾತ್ರ ಇಷ್ಟು ವರ್ಷವಾದರೂ ಹೊರಬಿದ್ದಿರಲಿಲ್ಲ. ಅದು ಸಕ್ರಪ್ಪನಿಗೆ ಹೇಳಬೇಕಾದ ಮಾತು.

ಸಕ್ರಪ್ಪ ಕುರ್ತಕೋಟಿಯವನು, ಮೌನೇಶನ ಅಕ್ಕ ದೇವವ್ವನ ಗಂಡ. ನಮ್ಮ ಕಡೆ ಅಕ್ಕನ ಗಂಡನೂ ಮಾವ, ಹೆಂಡತಿಯ ಅಪ್ಪನೂ ಮಾವ. ಪಾಪ, ಆ ಒಂದು ಶಬ್ದದ ಹೆಗಲ ಮೇಲೆ ಎಷ್ಟು ಭಾರ ಹೇರಿದ್ದೇವೋ. ಮೌನೇಶ ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿ ಅಪ್ಪ ತೀರಿಕೊಂಡ, ಹಿಂದೆಯೇ ಅವ್ವನೂ ಹೋದಳು. ಹೊಸದಾಗಿ ಮದುವೆಯಾಗಿದ್ದ ದೇವವ್ವ ತಮ್ಮನ ಕೈ ಹಿಡಿದುಕೊಂಡೇ ಗಂಡನ ಮನೆಗೆ ಬಂದಳು. ಬೇರೆ ಯಾರೇ ಆಗಿದ್ದರೂ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಸಕ್ರಪ್ಪ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಒಂದು ರೊಟ್ಟಿ ಹೆಚ್ಚ ಬಡಿ, ಮುಗೀತು" ಎಂದನಂತೆ. ಅಲ್ಲಿಗೆ ಆ ವಿಷಯ ಮುಗಿದೇಹೋಯಿತು.

ಸಕ್ರಪ್ಪನದು ಪಂಚಾಯಿತಿಯಲ್ಲಿ ಊರಿಗೆ ನೀರು ಬಿಡುವ ಕೆಲಸ. ಈ ತುದಿಯ ಬೋರಿನಿಂದ ಆ ತುದಿಯ ನೀರಿನ ಟಾಕಿಗೆ ಅಲೆದು ಅಲೆದು ಸಾಕಾಗಿ, ಲಕ್ಷ್ಮೇಶ್ವರದ ಕಂಟ್ರಾಕ್ಟರನೊಬ್ಬ ಬಳಸಿದ್ದ ಹಳೆಯ ರಾಜದೂತ ಗಾಡಿಯನ್ನು ಕೊಂಡು ತಂದಿದ್ದ. ಊರವರ ಬಾಯಲ್ಲಿ ಅದು ಫಟಫಟಿ. ಅದರ ಸದ್ದು ಕೇಳಿದ ಕೂಡಲೇ ಹೆಂಗಸರು ನಳದ ಮುಂದೆ ಕೊಡ ಇಡುತ್ತಿದ್ದರು. ಸಕ್ರಪ್ಪನಿಗೆ ಅದರ ಮೇಲೆ ಇದ್ದ ಅಭಿಮಾನ ಎಂಥದ್ದೆಂದರೆ, ತನ್ನ ಅಂಗಿಗೆ ಗುಂಡಿ ಇರದಿದ್ದರೂ ನಡೆಯುತ್ತಿತ್ತು, ಗಾಡಿಯ ಮೇಲೆ ಧೂಳು ಕೂರುವಂತಿರಲಿಲ್ಲ.

ಮೌನೇಶ ಹತ್ತನೆಯ ಇಯತ್ತೆಯಲ್ಲಿ ನಪಾಸಾದ. ಮತ್ತೆ ಕಟ್ಟಿದ, ಮತ್ತೆ ನಪಾಸಾದ. ಹಿತ್ತಲಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತವನ ಹತ್ತಿರ ಬಂದು ಸಕ್ರಪ್ಪ, "ನಿನಗ ಏನ ಮಾಡಾಕ ಖುಷಿ ಐತಿ, ಅದನ್ನ ಹೇಳಲೇ" ಎಂದ. "ಗಾಡಿ ರಿಪೇರಿ" ಎಂದ ಮೌನೇಶ. ಸಕ್ರಪ್ಪ ಎದ್ದು ಅಂಗಳದಲ್ಲಿ ಗೋಣಿಚೀಲ ಹಾಸಿದ. ಫಟಫಟಿಯನ್ನು ತಳ್ಳಿಕೊಂಡು ಬಂದು ಅದರ ಪಕ್ಕದಲ್ಲಿ ನಿಲ್ಲಿಸಿದ. "ಬಿಚ್ಚು. ಬಿಚ್ಚದ ಕೈ ಪಳಗಂಗಿಲ್ಲ" ಎಂದ.

ಓಡುವ ಗಾಡಿ ಮಾರಾಯರೇ! ಮನೆಯ ಒಂದೇ ಗಾಡಿ!

ಮೌನೇಶ ಕೊನೆಯ ತಿರುಪಿನವರೆಗೆ ಬಿಚ್ಚಿದ. ಮರಳಿ ಜೋಡಿಸಿದಾಗ ಗೋಣಿಚೀಲದ ಮೇಲೆ ಒಂದು ಮುಷ್ಟಿ ಸಾಮಾನು ಉಳಿದುಬಿಟ್ಟಿತ್ತು. ಎಷ್ಟು ಕಿಕ್ ಹೊಡೆದರೂ ಗಾಡಿ ಉಸಿರೆತ್ತಲಿಲ್ಲ. ದೇವವ್ವ ಹಣೆ ಬಡಿದುಕೊಂಡಳು. ಸಕ್ರಪ್ಪ ಉಳಿದ ಸಾಮಾನನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿ, "ಗಾಡಿ ಹಗುರಾತು ಬಿಡು" ಎಂದು ನಕ್ಕ. ಮರುದಿನ ಸೈಕಲ್ ಹತ್ತಿ ನೀರು ಬಿಡಲು ಹೋದ. ಅಷ್ಟೇ ಅಲ್ಲ, ಅದೇ ವಾರ ಮೌನೇಶನನ್ನು ಗದಗಿನ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಹಚ್ಚಿದ. ಊರ ಕಟ್ಟೆಯ ಮೇಲೆ ಯಾರಾದರೂ, "ಏನಪಾ ಸಕ್ರಪ್ಪ, ನಿನ್ನ ಹೆಂಡತಿ ತಮ್ಮ ಫಟಫಟೀನ ಮಣ್ಣ ಮಾಡಿದ್ನಂತ?" ಎಂದು ಕೆಣಕಿದರೆ, "ಅದು ಅವನ ಸಾಲಿ. ಸಾಲಿ ಹತ್ತಿ ಯಾರರ ಊರ ತಿರಗತಾರೇನು?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಮೌನೇಶ ಕೆಲಸ ಕಲಿತ, ಸ್ವಂತ ಗ್ಯಾರೇಜು ಹಾಕಿದ, ಸೀಮಾಳನ್ನು ಮದುವೆಯಾದ, ಮನೆ ಕಟ್ಟಿದ. ಊರ ಮಂದಿಯ ಗಾಡಿಗಳೆಲ್ಲ ಓಡಿದವು, ಮಾವನ ಗಾಡಿ ಮಾತ್ರ ಕುರ್ತಕೋಟಿಯ ದನದ ಕೊಟ್ಟಿಗೆಯಲ್ಲೇ ನಿಂತಿತ್ತು. ಇವತ್ತು ತರೋಣ, ದೀಪಾವಳಿ ಕಳೆಯಲಿ, ಈ ಸುಗ್ಗಿ ಮುಗಿಯಲಿ ಎನ್ನುತ್ತ ಕಾಲ ಸರಿಯಿತು. ಹೋದ ವರ್ಷ ಸಕ್ರಪ್ಪ ಕೆಲಸದಿಂದ ನಿವೃತ್ತನಾದ. ದೇವವ್ವ ಕೊಟ್ಟಿಗೆ ಕೆಡವಿ ಹೊಸದು ಕಟ್ಟಿಸಲು ಹೊರಟು, "ಆ ಕಬ್ಬಣಾ ಗುಜರಿಯಾಂವಗ ಹಾಕ್ತೀನಿ" ಎಂದು ಫೋನಿನಲ್ಲಿ ಹೇಳಿದ್ದೇ ತಡ, ಮೌನೇಶ ನಟ್ಟು ತಿರುವುತ್ತಿದ್ದ ಪಾನಾ ಬಿಸಾಡಿ ಟೆಂಪೊ ಮಾಡಿಕೊಂಡು ಓಡಿದ.

ಅವತ್ತಿನಿಂದ ಬಿಡುವು ಸಿಕ್ಕಾಗಲೆಲ್ಲ ಅದೇ ಕೆಲಸ. ಪಿಸ್ಟನ್ನಿಗೆ ಬೆಳಗಾವಿ, ಕಾರ್ಬೊರೇಟರಿಗೆ ದಾವಣಗೆರೆ, ಹೆಡ್‌ಲೈಟಿನ ಗಾಜಿಗೆ ಎಲ್ಲೆಲ್ಲಿಯ ಗುಜರಿ ಅಂಗಡಿಗಳು. ಇಂಜಿನ್ನು ಮೊದಲ ಸಲ ಹೊಗೆ ಉಗುಳಿ ಫಟ್ ಫಟ್ ಎಂದ ದಿನ ಅವನ ಕಣ್ಣು ಮಂಜಾದವು. ಹೊಗೆಯಿಂದ ಎಂದು ಸೀಮಾಳಿಗೆ ಹೇಳಿದ. ಅವಳು ನಂಬಲಿಲ್ಲ.

ಅವನ ಲೆಕ್ಕ ಇಷ್ಟೇ. ಮಾವನನ್ನು ಕರೆಸಬೇಕು, ನಾಲ್ಕು ಮಂದಿಯ ಎದುರು ಕೀಲಿಕೈ ಕೊಡಬೇಕು, ನಿನ್ನಿಂದ ನಾನು ಮನುಷ್ಯನಾದೆ ಎಂದು ಬಾಯಿಬಿಟ್ಟು ಹೇಳಬೇಕು. ಗಾಡಿ ಮಾಡುವುದು ಹಗುರ, ಹೇಳುವುದೇ ಕಠಿಣ. ನಾಲಿಗೆ ಕೈಕೊಟ್ಟರೆ ಇರಲಿ ಎಂದು ಆ ಮಾತನ್ನು ಗಾಡಿಯ ಹಿಂದಿನ ಮಡ್‌ಗಾರ್ಡಿನ ಮೇಲೆ ಬರೆಸುವುದೆಂದುಕೊಂಡ. ಏನೆಂದು ಬರೆಸುವುದು? ಮಂದಿ ತಂದೆ ತಾಯಿಯ ಆಶೀರ್ವಾದ ಎಂದು ಬರೆಸುತ್ತಾರೆ. 'ಮಾವನ ಆಶೀರ್ವಾದ' ಎಂದು ಬರೆಸೋಣವೆಂದರೆ ಸೀಮಾ ಬಿದ್ದು ಬಿದ್ದು ನಕ್ಕಳು. "ನಮ್ಮಪ್ಪ ವರದಕ್ಷಿಣಿ ಕೊಟ್ಟ ಗಾಡಿ ಅಂತಾರ ಮಂದಿ. ಅಂವ ನಿಮಗ ಸೈಕಲ್ ಬೆಲ್ ಸುದ್ದಾ ಕೊಟ್ಟಿಲ್ಲ!"

ಬಣ್ಣದ ಕೆಲಸಕ್ಕೆ ಪೇಂಟರ್ ಪುಂಡಲೀಕಪ್ಪ ಬಂದಿದ್ದ. ಫ್ಲೆಕ್ಸು ಬರುವ ಮೊದಲು ಗದಗಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಅದು. ಈಗ ಕೆಲಸ ಕಡಿಮೆ, ಹಟ ಮಾತ್ರ ಹಾಗೇ ಇತ್ತು. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುವವನು ಅವನು. ತನ್ನ ಕಡೆಯಿಂದ ಒತ್ತಕ್ಷರ ಸೇರಿಸುವವನೂ ಅಲ್ಲ, ಕೊಂಬು ಕೀಳುವವನೂ ಅಲ್ಲ. ಶನಿವಾರ ಗಾಡಿಯ ಪೆಟ್ರೋಲ್ ಟಾಕಿಗೆ ಬಂಗಾರದ ಬಣ್ಣದ ಗೆರೆ ಎಳೆಯುವುದಕ್ಕೆ ಅವನನ್ನು ಬಿಟ್ಟು, ಹೊಳಪು ಹಾಕಿಸಲು ಕೊಟ್ಟಿದ್ದ ಸೈಲೆನ್ಸರ್ ತರಲು ಮೌನೇಶ ಹುಬ್ಬಳ್ಳಿಗೆ ಹೋದ. ಅಲ್ಲಿಯ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಫೋನು ಬಂತು.

"ಗೆರಿ ಮುಗದಾವ. ಹಿಂದ ಏನ ಬರೀಲಿ?" ಎಂದ ಪುಂಡಲೀಕಪ್ಪ.

"ಆಶೀರ್ವಾದ ಗೀಶೀರ್ವಾದ ಏನೂ ಬ್ಯಾಡ್ರಿ ಕಾಕಾ" ಎಂದು ಮೌನೇಶ ಕೂಗಿದ. "ಬರೀ ಮಾವ!"

"ಏನಂದಿ?"

"ಬರೀ ಮಾವ, ಬರೀ ಮಾವ! ಬಸ್ ಹೊಂಟೈತಿ, ಇಡ್ತೀನ್ರಿ."

ಮೌನೇಶನ ಪ್ರಕಾರ 'ಮಾವ' ಎಂಬ ಎರಡೇ ಅಕ್ಷರ ಸಾಕು. ಪುಂಡಲೀಕಪ್ಪನ ಪ್ರಕಾರ ಗಿರಾಕಿ ಮೂರು ಮೂರು ಸಲ ಕೂಗಿ ಹೇಳಿದ್ದು ನಾಲ್ಕು ಅಕ್ಷರ.

ಮಾವನಿಗೆ ಬರಹೇಳಿದ್ದ ಭಾನುವಾರ ಬೆಳಿಗ್ಗೆ ಮೌನೇಶ ಗ್ಯಾರೇಜಿಗೆ ಬೇಗ ಬಂದು ಸೈಲೆನ್ಸರ್ ಕೂಡಿಸಿದ. ಗಾಡಿಯ ಬೆನ್ನು ಗೋಡೆಯ ಕಡೆಗಿತ್ತು. ಪೂಜೆಗೆಂದು ಹೊರಗೆ ತಳ್ಳಿಕೊಂಡು ಬಂದು ತಿರುಗಿಸಿದಾಗ ಕಂಡಿತು. ಕಪ್ಪು ಮಡ್‌ಗಾರ್ಡಿನ ಮೇಲೆ ದುಂಡಗೆ, ಮುದ್ದಾಗಿ, ಅಕ್ಷರಗಳ ಅಡಿಗೆ ನೆರಳು ಬೇರೆ ಕೊಟ್ಟು ಬರೆದಿತ್ತು: ಬರೀ ಮಾವ.

ಮೌನೇಶ ಎರಡನೆಯ ಸಲ ಓದಿದ. ಊರ ಮಂದಿ ಓದಿದರೆ ಏನೆಂದುಕೊಳ್ಳುತ್ತಾರೆ? ಬರೀ ಮಾವ! ಅಂದರೆ ಏನೂ ಅಲ್ಲದವನು, ಹೆಸರಿಗೊಬ್ಬ ಮಾವ. ತುತ್ತು ಹಾಕಿ ಬೆಳೆಸಿದವನಿಗೆ ಇದಕ್ಕಿಂತ ಅವಮಾನ ಬೇಕೆ?

"ಕಾಕಾ, ಏನ ಮಾಡಿಟ್ರಿ ಇದು!"

"ನೀ ಹೇಳಿದ್ದ ಬರದೀನಿ" ಎಂದ ಪೂಜೆಗೆಂದು ಬಂದಿದ್ದ ಪುಂಡಲೀಕಪ್ಪ, ಬೀಡಿ ಹಚ್ಚುತ್ತ. "ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಲ್ಲ. ನನಗೂ ವಿಚಿತ್ರ ಅನಿಸ್ತು. ಖರೆ, ನಿಮ್ಮ ಮನಿ ವಿಚಾರ, ನಾ ಯಾಕ ಕೇಳ್ಲಿ?"

ಥಿನ್ನರ್ ಹಚ್ಚಿ ಅಳಿಸೋಣವೆಂದರೆ ಕೆಳಗಿನ ಹೊಸ ಕಪ್ಪು ಬಣ್ಣವೂ ಎದ್ದುಬರುತ್ತಿತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಸಕ್ರಪ್ಪನ ತಲೆಯ ಬಿಳಿ ಪಟಗ ಕಾಣಿಸಿತು, ಹಿಂದೆ ದೇವವ್ವ. ಕುರ್ತಕೋಟಿಯ ಬಸ್ಸು ಎಂದೂ ಇಲ್ಲದ್ದು ಅವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತು. ಮೌನೇಶ ಹ್ಯಾಂಡಲ್ಲಿಗೆ ಹಾಕಿದ್ದ ಚೆಂಡುಹೂವಿನ ಮಾಲೆ ತೆಗೆದು ಗಡಬಡಿಸಿ ಮಡ್‌ಗಾರ್ಡಿನ ಮೇಲೆ ಇಳಿಬಿಟ್ಟ.

ಸಕ್ರಪ್ಪ ಗಾಡಿಯ ಎದುರು ನಿಂತ. ಟಾಕಿಯ ಮೇಲೆ ಕೈ ಆಡಿಸಿದ, ಸೀಟಿನ ಮೇಲೆ ಆಡಿಸಿದ, ದೀಪದ ಗಾಜನ್ನು ಪಟಗದ ತುದಿಯಿಂದ ಒರೆಸಿದ. "ಇದು ನಮ್ಮದ ಏನಲೇ?" ಎಂದು ಸಣ್ಣ ದನಿಯಲ್ಲಿ ಕೇಳಿದ. ಚಹಾದಂಗಡಿಯವರು, ಪಕ್ಕದ ವೆಲ್ಡಿಂಗ್ ಅಂಗಡಿಯವರು, ಗಿರಾಕಿಗಳು ಎಲ್ಲ ಕೂಡಿದ್ದರು. ಸೀಮಾ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಮೌನೇಶ ಕೀಲಿಕೈ ಮುಂದೆ ಚಾಚಿದ.

ಸಕ್ರಪ್ಪ ಕೀಲಿ ತೆಗೆದುಕೊಳ್ಳದೆ ಗಾಡಿಯನ್ನು ಸುತ್ತು ಹಾಕಿದ. "ಮಾಲಿ ಯಾಕ ಹಿಂದ ಕಟ್ಟೀಯೋ ಹುಚ್ಚಪ್ಪ? ಹೂ ಗಾಲಿಗೆ ಸಿಗತಾವ" ಎನ್ನುತ್ತ ಅದನ್ನು ಎತ್ತಿದ. ಆಮೇಲೆ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಬ... ರೀ... ಮಾ... ವ."

ಚಹಾದಂಗಡಿಯವನ ನಗು ಅರ್ಧಕ್ಕೇ ನಿಂತಿತು. ದೇವವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಏನಲೇ ಮೌನ್ಯಾ, ಕರೆಸಿ ಮಾನ ಕಳೀತೀ? ನಿನ್ನ ಕುಂಡಿ ತೊಳದ ಬೆಳೆಸಿದಾಂವ ಇವತ್ತ ಬರೀ ಮಾವ ಆದನ?"

ಸಕ್ರಪ್ಪ ಅವಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದ. ಮಾಲೆಯನ್ನು ಕೈಯಲ್ಲಿ ಹಿಡಿದೇ ಮೌನೇಶನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಮೌನೇಶನಿಗೆ ತಡೆದುಕೊಳ್ಳಲಾಗಲಿಲ್ಲ. "ಹೌದೇನೋ?" ಎಂದು ಕೇಳಿದ ಸಕ್ರಪ್ಪ. ಅಷ್ಟೇ ಕೇಳಿದ್ದು.

"ಅಲ್ಲ" ಎಂದ ಮೌನೇಶ.

ಆ ಒಂದು ಶಬ್ದ ಬಂದದ್ದೇ ಉಳಿದದ್ದೆಲ್ಲ ಕಟ್ಟೆಯೊಡೆದು ಬಂತು. "ಬರೀ ಮಾವ ಅಲ್ಲ ನೀ. ಓಡೋ ಗಾಡಿ ಬಿಚ್ಚಾಕ ಕೊಟ್ಟಿ. ಅದು ಚಾಲೂ ಆಗಲಿಲ್ಲ, ನೀ ಸೈಕಲ್ ತುಳದಿ. ಮಳ್ಯಾಗ ನಡಕೋತ ಹೋಗಿ ನೀರ ಬಿಟ್ಟಿ. ಒಂದ ದಿನಾನೂ ಒಂದ ಮಾತ ಅನ್ನಲಿಲ್ಲ. ನೀ ಅವತ್ತ ಬೈದಿದ್ರ ನಾ ಪಾನಾ ಒಗದ ಎಲ್ಯರ ಹೋಗಿ ಹಾಳಾಗತಿದ್ದೆ. ನಾ ಉಣ್ಣೋ ಅನ್ನ, ನನ್ನ ಕೈಯಾಗಿನ ಕಸಬು, ಈ ಸೀಮಾ, ಆ ಮನಿ, ಎಲ್ಲಾ ನೀ ಕೊಟ್ಟದ್ದು ಮಾವ. ಹೇಳಬೇಕಂತ ಎಷ್ಟ ಸರ್ತಿ ಕುರ್ತಕೋಟಿಗೆ ಬಂದೆ. ಉಂಡೆ, ಹೊಳ್ಳಿ ಬಂದೆ. ಬಾಯಿ ಬರಲಿಲ್ಲ."

ದೇವವ್ವ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಅದರಲ್ಲೇ ಮೂಗು ಒರೆಸಿಕೊಂಡಳು. ಸಕ್ರಪ್ಪ ಪಟಗದ ತುದಿಯಿಂದ ಕಣ್ಣೊತ್ತಿಕೊಂಡ. ಆದರೂ ಬಿಡುವವನಲ್ಲ ಅವನು.

"ಇಷ್ಟ ಮಾತ ಒಳಗ ಇಟ್ಕೊಂಡ ಹೆಂಗ ಇದ್ದೆಲೇ? ಹೊಟ್ಟಿ ಉಬ್ಬರಸಲಿಲ್ಲೇನು?" ಎಂದ. ಎಲ್ಲರೂ ನಕ್ಕರು, ಮೌನೇಶನೂ ಕಣ್ಣೊರೆಸಿಕೊಂಡು ನಕ್ಕ. ಸಕ್ರಪ್ಪ ಪೇಂಟರನ ಕಡೆ ತಿರುಗಿದ. "ಪುಂಡಲೀಕಪ್ಪ, ಕುಂಚ ತಂದೀಯೇನು? ಅಂವ ಅಂದದ್ದು ಕೇಳಿದೆಲ್ಲ, ಅದನ್ನ ಬರಿ."

"ಅಷ್ಟೂ ಬರಿಯಾಕ ಮಡ್‌ಗಾರ್ಡ ಸಾಲಂಗಿಲ್ಲಪಾ. ಯಾವದು ಬರೀಲಿ?"

"ಅಲ್ಲ."

ಪುಂಡಲೀಕಪ್ಪ ಬೀಡಿ ತೆಗೆದು ನಿಧಾನವಾಗಿ ಕೇಳಿದ. "ಬರಿಯೋದಲ್ಲ ಅಂತೀಯೋ, ಅಲ್ಲ ಅಂತ ಬರಿ ಅಂತೀಯೋ? ಈಗ ಬಿಡಿಸಿ ಹೇಳಿಬಿಡು ಮಾರಾಯ, ಆಮ್ಯಾಲೆ ನನ್ನ ಮ್ಯಾಲ ಬರಬ್ಯಾಡ್ರಿ."

ಬಿಡಿಸಿ ಹೇಳಿದರು. ಜಾಗ ಅಳೆದು, ನಾಲಿಗೆಯ ತುದಿ ಕಚ್ಚಿಕೊಂಡು, ಪುಂಡಲೀಕಪ್ಪ ಅದೇ ಬಂಗಾರದ ಬಣ್ಣದಲ್ಲಿ ಇನ್ನೊಂದು ಶಬ್ದ ಕೂಡಿಸಿದ. ಬರೀ ಮಾವ ಅಲ್ಲ. ಬಣ್ಣ ಆರುವವರೆಗೆ ಎಲ್ಲರೂ ಸೀಮಾ ತಂದ ಸಜ್ಜಕ ತಿಂದರು. ಪೂಜೆಯಾಯಿತು, ಗಾಲಿಗೆ ನಿಂಬೆಹಣ್ಣು ಇಟ್ಟರು. ಮಂಡಿನೋವಿನ ಸಕ್ರಪ್ಪನ ಬದಲು ಮೌನೇಶ ಕಿಕ್ ಹೊಡೆದ. ಫಟ್ ಫಟ್ ಫಟ್! ಹೆಲ್ಮೆಟ್ಟು ಪಟಗದ ಮೇಲೆ ಕೂರದೆ ಸಕ್ರಪ್ಪ ಪಟಗ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ.

"ನೀ ಹತ್ತಲೇ ಹಿಂದ" ಎಂದ ಮೌನೇಶನಿಗೆ.

"ಅಕ್ಕ ಹತ್ತಲಿ ಮಾವ."

"ನಾ ಹೊಳ್ಳಿ ಹೋಗೂಮುಂದ ಹತ್ತತೀನಿ" ಎಂದಳು ದೇವವ್ವ. "ಇವತ್ತ ನೀವಿಬ್ಬರೂ ಹೋಗಿ ಬರ್ರಿ."

ಹುಬ್ಬಳ್ಳಿ ರಸ್ತೆ ಹಿಡಿದು ಹುಲಕೋಟಿಯ ಕಡೆ ಹೊರಟರು. ಎರೆ ಹೊಲಗಳಲ್ಲಿ ಕಡಲೆ ಹಸಿರಾಗಿ ನಿಂತಿತ್ತು. ಸಕ್ರಪ್ಪ ಎತ್ತಿನ ಬಂಡಿಯ ಹದದಲ್ಲಿ ಓಡಿಸುತ್ತಿದ್ದ. ಮೌನೇಶ ಒಮ್ಮೆಯೂ ಜೋರಾಗಿ ಹೊಡಿ ಎನ್ನಲಿಲ್ಲ. ಒಂದು ಕಡೆ ಕುರಿಹಿಂಡು ರಸ್ತೆಗೆ ಅಡ್ಡಲಾಗಿ ಬಂದು ಎಲ್ಲ ಗಾಡಿಗಳೂ ನಿಂತವು. ಹಿಂದಿನಿಂದ ಬಂದ ಉಳ್ಳಾಗಡ್ಡಿ ಟೆಂಪೊದವನು ಪಕ್ಕಕ್ಕೆ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದ.

"ಯಜ್ಜಾ, ಗಾಡಿ ಭಾರಿ ಐತಿ ಬಿಡ್ರಿ. ಹಿಂದ ಬರೀ ಮಾವ ಅಲ್ಲ ಅಂತ ಬರದೀರಲ್ಲ, ಮತ್ತ ಏನಾಗಬೇಕ್ರಿ?"

ಸಕ್ರಪ್ಪ ಕುರಿಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಹೆಬ್ಬೆಟ್ಟನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿದ.

"ನನಗೇನ ಕೇಳ್ತೀ ತಮ್ಮಾ? ಹಿಂದ ನನ್ನ ಮಗ ಕುಂತಾನಲ್ಲ, ಅಂವನ್ನ ಕೇಳು."

ಟೆಂಪೊದವನು ಮೌನೇಶನ ಮುಖ ನೋಡಿದ.

"ನಮ್ಮಪ್ಪ ಆಗಬೇಕ್ರಿ" ಎಂದ ಮೌನೇಶ.