ಹಳ್ಳದ ಕಲ್ಲಿನ ಕೆಂಪು ಪಟ್ಟಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅಪ್ಪ ಲಾರಿಯನ್ನು ಹಳ್ಳಕ್ಕೆ ಇಳಿಸಿದ. ಆ ವರ್ಷವಷ್ಟೇ ನಾನು ಶಾಲೆಯಲ್ಲಿ ಗಡಿಯಾರ ನೋಡಲು ಕಲಿತಿದ್ದೆ. ನಾನು ಕ್ಯಾಬಿನ್ನಿನಲ್ಲಿ ಕೂತರೆ ಸಾಕು, ಅಪ್ಪ ಕೈಗಡಿಯಾರ ಬಿಚ್ಚಿ ನನ್ನ ತೊಡೆಯ ಮೇಲೆ ಇಡುತ್ತಿದ್ದ.

"ಎಷ್ಟಾತು, ನನ್ನವ್ವಾ?"

"ಮೂರೂ ಹತ್ತು."

"ಶಾಣ್ಯಾಕಿ. ಮೂರೂವರೀಗೆ ಮನ್ಯಾಗ ಕುಂತು ರೊಟ್ಟಿ ತಿನ್ನಾಕತ್ತಿರ್ತೀವಿ ನೋಡು" ಎಂದ.

ಆ ದಿನಗಳಲ್ಲಿ ಪಂಚಮಿ ಹಬ್ಬ ನಮ್ಮ ಕಡೆ ಲಾರಿ ಹತ್ತಿ ಬರುತ್ತಿತ್ತು. ಹಾನಗಲ್ಲಿನಿಂದ ಹಿರೇಕೆರೂರಿಗೆ, ಸವಣೂರಿನಿಂದ ಶಿಗ್ಗಾಂವಿಗೆ, ಯಾವ ರಸ್ತೆಯಲ್ಲಿ ಹೋದರೂ ತವರಿಗೆ ಹೊರಟ ಹೆಣ್ಣುಮಕ್ಕಳು ಗಂಟು ಕಂಕುಳಲ್ಲಿಟ್ಟುಕೊಂಡು ನಿಂತಿರುತ್ತಿದ್ದರು. ಬಸ್ಸು ತುಂಬಿ ಹೋದರೆ ಲಾರಿಗೆ ಕೈ ಮಾಡುತ್ತಿದ್ದರು. ಪಂಚಮಿಗೆ ಹೊರಟವಳನ್ನು ದಾರಿಯಲ್ಲಿ ಬಿಟ್ಟು ಹೋದ ಗಾಡಿಯ ಅಚ್ಚು ಮುರಿಯುತ್ತದೆ ಎಂಬುದು ನಮ್ಮ ಕಡೆಯ ಡ್ರೈವರುಗಳ ನಂಬಿಕೆ. ಯಾರೂ ಪರೀಕ್ಷಿಸಿ ನೋಡುವ ಧೈರ್ಯ ಮಾಡಿರಲಿಲ್ಲ.

ಅಪ್ಪ ಅಕ್ಕಿಆಲೂರಿನ ಗಿರಣಿಗಳಿಂದ ಅಕ್ಕಿ ಚೀಲ ಹೇರಿಕೊಂಡು ಹಿರೇಕೆರೂರಿನ ಕಡೆ ಹೋಗುತ್ತಿದ್ದ. ಅವನ ಜೋಡಿ ಹುಸೇನಸಾಬ ಇರುತ್ತಿದ್ದ. ಇಬ್ಬರೂ ಡ್ರೈವರುಗಳೇ, ಒಬ್ಬ ಓಡಿಸಿದರೆ ಇನ್ನೊಬ್ಬ ಎಲೆ ಅಡಿಕೆ ಮೆಲ್ಲುತ್ತ ಅವನ ಓಡಿಸುವಿಕೆಯಲ್ಲಿ ಹುಳುಕು ಹುಡುಕುವುದು. ಅಕ್ಕಿಆಲೂರಿನ ಸೋದರತ್ತೆಯ ಮನೆಯಲ್ಲಿದ್ದ ನನ್ನನ್ನು ಹಬ್ಬಕ್ಕೆ ಊರಿಗೆ ಕರೆದೊಯ್ಯಲು ಅಂದು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡಿದ್ದರು. ನಮ್ಮೂರು ತಿಳವಳ್ಳಿಯ ದಾರಿಯಲ್ಲಿ, ಹಳ್ಳದ ಆಚೆ. ಡೀಸೆಲ್ಲು, ಒದ್ದೆ ಗೋಣಿಚೀಲ, ಸವಣೂರಿನ ಎಲೆ, ಹುಸೇನಸಾಬ ನನಗೆಂದು ತಂದಿದ್ದ ಸವಣೂರಿನ ಖಾರದ ತಿಂಡಿಯ ಪೊಟ್ಟಣ, ಇವೆಲ್ಲ ಸೇರಿದ ಆ ಕ್ಯಾಬಿನ್ನಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಮೊದಲು ಬಾಯಲ್ಲಿ ನೀರೂರುತ್ತದೆ, ಮರುಕ್ಷಣ ಕಾಲಕೆಳಗೆ ನೀರು ಬಂತೇನೋ ಎಂದು ನೋಡಿಕೊಳ್ಳುತ್ತೇನೆ.

ಅಕ್ಕಿಆಲೂರಿನ ಹೊರಗೆ ಗಂಗಕ್ಕ ಕೈ ಮಾಡಿದಳು. ನಮ್ಮೂರಿನ ಮಗಳು, ದುಂಡಸಿಗೆ ಕೊಟ್ಟಿದ್ದರು. ಮೊದಲ ಹೆರಿಗೆಯಾದ ಮೇಲೆ ಮೊದಲ ಪಂಚಮಿ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ.

"ಬಸ್ಸು ಹಳ್ಳದ ತನ ಹೋಗಿ ಹೊಳ್ಳಿ ಬಂತಂತ್ರಿ, ಶೇಖಣ್ಣ. ನೀವಾರ ಹೋಗ್ತೀರೇನು?"

"ಹಳ್ಳ ನೋಡಿ ಹೇಳ್ತೇನಿ. ಹತ್ತು ಮೊದ್ಲ. ಬುಟ್ಯಾಗ ಏನೈತಿ?" ಎಂದ ಅಪ್ಪ.

"ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು."

"ಹಂಗಾರ ಹಳ್ಳ ದಾರಿ ಬಿಡಾಕಬೇಕು ಬಿಡು" ಎಂದ ಹುಸೇನಸಾಬ.

ಈಗ ಕಲ್ಲಿನ ವಿಷಯ ಹೇಳಬೇಕು. ಹಳ್ಳಕ್ಕೆ ಇದ್ದದ್ದು ನೆಲಮಟ್ಟದ ಸೇತುವೆ. ಮಳೆ ಜೋರಾದರೆ ನೀರು ಅದರ ಮೇಲೆಯೇ ಹರಿಯುತ್ತದೆ. ಎರಡೂ ಅಂಚಿಗೆ ಹಿರಿಯರ ಕಾಲದ ಕರಿಕಲ್ಲುಗಳಿದ್ದವು, ಅರ್ಧ ನೆಲದೊಳಗೆ, ಅರ್ಧ ಮೇಲೆ. ಪ್ರತಿ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಕೆಂಪು ಬಣ್ಣದಿಂದ ಊರವರು ಆ ಕಲ್ಲುಗಳಿಗೆ ಒಂದೊಂದು ಪಟ್ಟಿ ಎಳೆಯುತ್ತಿದ್ದರು. ಚಕ್ಕಡಿಯ ಅಚ್ಚು ಎಷ್ಟು ಎತ್ತರವೋ ಪಟ್ಟಿ ಅಷ್ಟು ಎತ್ತರಕ್ಕೆ. ಪಟ್ಟಿ ಕಂಡರೆ ದಾಟು, ಮುಳುಗಿದರೆ ಕೂತು ಕಾಯಿ. ಇಷ್ಟೇ ನಿಯಮ. ನಮ್ಮೂರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಆ ಪಟ್ಟಿ ಓದಲು ಕಲಿಯುತ್ತಿದ್ದರು. ಹಳ್ಳ ಬಂದಾಗ ದಂಡೆಯಲ್ಲಿ ಕೂತು ಪಟ್ಟಿ ಮುಳುಗುವುದು ಯಾವಾಗ ಎಂದು ಹುಣಸೆ ಬೀಜ ಒಡ್ಡಿ ಆಡುವುದೇ ನಮಗೊಂದು ಆಟ.

ಆ ಬೇಸಿಗೆಯಲ್ಲಿ ರಸ್ತೆ ರಿಪೇರಿಗೆ ಗುತ್ತಿಗೆದಾರನೊಬ್ಬ ಬಂದ. ಯಾರನ್ನೂ ಕೇಳದೆ ಹಳೆಯ ಕಲ್ಲುಗಳನ್ನು ಕಿತ್ತು ಬದಿಯ ತಗ್ಗಿಗೆ ಉರುಳಿಸಿ, ಅವುಗಳ ಜಾಗದಲ್ಲಿ ಸಿಮೆಂಟಿನ ಕಂಬ ನಿಲ್ಲಿಸಿದ. ಅವಕ್ಕೆ ಕಪ್ಪು ಬಿಳುಪು ಹೊಡೆಸಿ, ತುದಿಯ ಹತ್ತಿರ ಚೆಂದಕ್ಕೆಂದು ಒಂದು ಕೆಂಪು ಪಟ್ಟಿಯನ್ನೂ ಎಳೆಸಿದ. ಊರವರು ಸಂತೋಷಪಟ್ಟರು. "ಕಲ್ಲ ತಗದ್ರೂ ನಮ್ಮ ಪಟ್ಟಿ ಬಿಟ್ಟಿಲ್ಲ ನೋಡ್ರಿ, ತಿಳಿವಳಿಕಿ ಇರೋ ಮನಷ್ಯಾ" ಎಂದರು, ಆ ಕಾರಹುಣ್ಣಿಮೆಗೆ ತಾವು ಪಟ್ಟಿ ಎಳೆಯುವುದನ್ನೂ ಬಿಟ್ಟರು. ಒಣಗಿದ ಹಳ್ಳದಲ್ಲಿ ನಿಂತು ಪಟ್ಟಿಯ ಎತ್ತರ ಅಳೆಯುವ ಯೋಚನೆ ಯಾರಿಗೆ ಬರುತ್ತದೆ? ಪಟ್ಟಿ ಅಂದರೆ ಊರಿನ ಮಾತು. ಮಾತನ್ನು ಯಾರಾದರೂ ಗೇಣಿಟ್ಟು ಅಳೆಯುತ್ತಾರೆಯೇ?

ನಾವು ಹಳ್ಳಕ್ಕೆ ಬಂದಾಗ ಈಚೆ ದಂಡೆಯಲ್ಲಿ ಬೈಕುಗಳು ನಿಂತಿದ್ದವು. ಹುಡುಗರು ಕೊಡೆ ಹಿಡಿದು ಮೊಬೈಲಿನಲ್ಲಿ ಹಳ್ಳದ ವಿಡಿಯೊ ಚಿತ್ರ ತೆಗೆಯುತ್ತಿದ್ದರು. ನೀರು ಚಹಾದ ಬಣ್ಣ. ಅಪ್ಪ ಇಳಿದು ಹೋಗಿ ನೋಡಿದ. ಹುಸೇನಸಾಬನೂ ನೋಡಿದ. ಸಾಲಾಗಿ ನಿಂತ ಕಂಬಗಳ ಮೇಲೆ ಕೆಂಪು ಪಟ್ಟಿ ಸ್ವಚ್ಛವಾಗಿ ಕಾಣುತ್ತಿತ್ತು.

"ಪಟ್ಟಿ ಕಾಣಸ್ತೈತಿ."

"ಕಾಣಸ್ತೈತಿ. ಚೊಲೋನ ಕಾಣಸ್ತೈತಿ."

ಇಬ್ಬರೂ ಅದೇ ಹಳ್ಳದ ನೀರು ಕುಡಿದು ಬೆಳೆದವರು. ಹೊರಗಿನ ಊರಿನ ಡ್ರೈವರಾಗಿದ್ದರೆ ಬಿದಿರಿನ ಗಳ ಇಳಿಸಿ ಆಳ ನೋಡುತ್ತಿದ್ದ, ಅಥವಾ ಹೆದರಿ ಹಿಂದಿರುಗುತ್ತಿದ್ದ. ಆ ತಪ್ಪನ್ನು ಮಾಡಲು ನಮ್ಮೂರಿನವರೇ ಆಗಿರಬೇಕಿತ್ತು.

ಮೊದಲನೇ ಗೇರು. ತುಂಬಿದ ಲಾರಿಯನ್ನು ನೀರಿನಲ್ಲಿ ಓಡಿಸುವಾಗ ಗೇರು ಬದಲಿಸಬಾರದು, ಆಕ್ಸಿಲರೇಟರು ಒತ್ತಿದ ಬಲಗಾಲು ಸಡಿಲಿಸಬಾರದು. ಸಡಿಲಿಸಿದರೆ ಹೊಗೆ ಕೊಳವೆಯಿಂದ ನೀರು ಒಳಗೆ ನುಗ್ಗುತ್ತದೆ. ಅಪ್ಪ ಒಂದೇ ಸಮನೆ ಒತ್ತಿಕೊಂಡು ಹೋದ. ಮುಂದೆ ನೀರು ಸೀಳಿ ಎರಡು ರೆಕ್ಕೆಯಂತೆ ಎದ್ದಿತು, ನಾನು ಚಪ್ಪಾಳೆ ತಟ್ಟಿದೆ. ದಂಡೆಯ ಮೇಲಿನವರು "ಹೋಗ್ಲಿ, ಹೋಗ್ಲಿ" ಎಂದು ಕೇಕೆ ಹಾಕಿದರು.

ನಡುಹಳ್ಳಕ್ಕೆ ಬರುವಷ್ಟರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಗಂಟಲಿಗೆ ಏನೋ ಸಿಕ್ಕಿದವರ ಸದ್ದು. ಮುಂದಿನ ದೀಪಗಳು ನೀರೊಳಗೆ ಹೋದವು. ಕಾಲಕೆಳಗಿನ ತಗಡಿನ ಸಂದಿಯಿಂದ ನೀರು ಬುಗ್ಗೆಯಾಗಿ ಎದ್ದು ನನ್ನ ಚಪ್ಪಲಿ ತೇಲಿತು, ಅದರ ಹಿಂದೆ ಖಾರದ ಪೊಟ್ಟಣ.

"ಹುಸೇನಾ, ಇದು ಪಟ್ಟಿ ಅಳತಿ ನೀರು ಅಲ್ಲೋ" ಎಂದ ಅಪ್ಪ.

ಅಷ್ಟು ಮೆಲ್ಲಗೆ ಹೇಳಿದ. ಕೂಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ಎಂಜಿನ್ ನಿಂತಿತು. ಆಮೇಲೆ ಕೇಳಿಸಿದ್ದು ನೀರಿನ ಸದ್ದೊಂದೇ. ಲಾರಿಯ ಹಿಂಭಾಗ ಯಾರೋ ಹೆಗಲು ಕೊಟ್ಟು ತಳ್ಳಿದಂತೆ ನಿಧಾನವಾಗಿ ಪಕ್ಕಕ್ಕೆ ಸರಿಯಿತು, ಅಂಚಿನ ಕಂಬಕ್ಕೆ ತಾಗಿತು. ಕಂಬ ಬಳಪದಂತೆ ಪಟ್ಟನೆ ಮುರಿಯಿತು. ಅದರೊಳಗೆ ಕಬ್ಬಿಣದ ಒಂದು ಎಳೆಯೂ ಇರಲಿಲ್ಲ. ಹಳೆಯ ಕರಿಕಲ್ಲಾಗಿದ್ದರೆ ಆ ಗಾಲಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ಹಿಂದಿನ ಗಾಲಿ ಸೇತುವೆಯ ಅಂಚಿನಿಂದ ಜಾರಿ, ಲಾರಿ ಓರೆಯಾಗಿ ನಿಂತಿತು. ನಮ್ಮನ್ನು ಹಿಡಿದಿಟ್ಟದ್ದು ಚೀಲಗಳ ಭಾರವೊಂದೇ.

ಹುಸೇನಸಾಬ ಕಿಟಕಿಯಿಂದ ನನ್ನನ್ನು ಮೇಲಕ್ಕೆ ಎತ್ತಿದ. ಹಿಂದೆ ಚೀಲಗಳ ಮೇಲೆ ಕೂತು ಬಂದಿದ್ದ ಗಂಗಕ್ಕ ಅವುಗಳ ತಾಡಪತ್ರಿ ಹೊದಿಕೆಗೆ ಅಂಟಿ ಕೂತಿದ್ದಳು. ಅಪ್ಪನೂ ಮೇಲೇರಿ ತನ್ನ ರುಮಾಲಿನಿಂದ ಕೂಸನ್ನು ಅವಳ ಎದೆಗೆ ಬಿಗಿದು ಕಟ್ಟಿದ.

"ಅಣ್ಣಾ, ನಾ ಹೋದ್ರ ಹೋದ್ನಿ, ಕೂಸು..."

"ಯಾರೂ ಹೋಗಂಗಿಲ್ಲ. ಸುಮ್ನ ಕುಂದ್ರು. ಉಂಡಿ ಬುಟ್ಟಿ ಹಿಡ್ಕೋ" ಎಂದು ಅಪ್ಪ ಗದರಿದ. ಅವಳು ನಿಜಕ್ಕೂ ಬುಟ್ಟಿ ಹಿಡಿದುಕೊಂಡಳು.

ಈಚೆ ದಂಡೆಯವರು ಕೇಕೆ ನಿಲ್ಲಿಸಿದ್ದರು, ಚಿತ್ರ ತೆಗೆಯುವುದನ್ನು ನಿಲ್ಲಿಸಿರಲಿಲ್ಲ. ಸಾಲಾಗಿ ಎತ್ತಿದ ಕೈಗಳು. ಅವುಗಳಲ್ಲಿ ಒಂದು ಕೈಯಾದರೂ ಹಗ್ಗಕ್ಕಾಗಿ ಕೆಳಗಿಳಿಯಬಹುದು ಎಂದು ನಾನು ಕಾದೆ. ಇಂದಿಗೂ ಕಣ್ಣು ಮುಚ್ಚಿದರೆ ನೀರಿಗಿಂತ ಮೊದಲು ಆ ಕೈಗಳು ಕಾಣುತ್ತವೆ.

ಹಗ್ಗ ಬಂದದ್ದು ಆಚೆ ದಂಡೆಯಿಂದ. ನಮ್ಮೂರಿನ ಹಬ್ಬದ ಜೋಕಾಲಿಗಳು ಅಂದೇ ಬೆಳಿಗ್ಗೆ ಬೇವಿನ ಮರಗಳಿಗೆ ಏರಿದ್ದವು. ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಓಡಿ ಹೋಗಿ ಜೋಕಾಲಿ ಬಿಚ್ಚಿ, ಹಗ್ಗಕ್ಕೆ ಹಗ್ಗ ಗಂಟು ಹಾಕಿ, ಹುಣಸೆ ಮರಕ್ಕೆ ಬಿಗಿದು, ತುದಿಗೆ ಕೊಡ ಕಟ್ಟಿ ನೀರಿಗೆ ಬಿಟ್ಟರು. ತುದಿ ಮತ್ತೆ ಮತ್ತೆ ತಪ್ಪಿ ಹೋಯಿತು. ಕೊನೆಗೆ ಹುಸೇನಸಾಬ ಹೊಟ್ಟೆಯ ಮೇಲೆ ಮಲಗಿ ಅದನ್ನು ಹಿಡಿದ. ಆ ಹಗ್ಗ ಹಿಡಿದು ನಮ್ಮೂರ ನಾಲ್ಕಾರು ಗಂಡಸರು ಎದೆನೀರಿನಲ್ಲಿ ನಮ್ಮತನಕ ಬಂದರು. ಮೊದಲು ಗಂಗಕ್ಕ ಮತ್ತು ಕೂಸು, ಆಮೇಲೆ ನಾನು, ಆಮೇಲೆ ಹುಸೇನಸಾಬ. ಎಲ್ಲರಿಗಿಂತ ಕೊನೆಗೆ ಅಪ್ಪ. ಅವನು ದಂಡೆಗೆ ಕಾಲಿಟ್ಟು ಹಿಂದಿರುಗಿ ನೋಡುವಾಗ ಲಾರಿ ದಣಿದ ಎಮ್ಮೆಯಂತೆ ಮಗ್ಗುಲಾಯಿತು. ಗೋಣಿ ಬಾಯಿ ಬಿಟ್ಟು ಅಕ್ಕಿ ಬೆಳ್ಳಗೆ ಕೆಂಪು ನೀರಿನಲ್ಲಿ ಹರಿದುಹೋಯಿತು. ಅಪ್ಪನ ಬಲಗಾಲು ಇನ್ನೂ ಒತ್ತುತ್ತಲೇ ಇತ್ತು, ಬರಿ ನೆಲವನ್ನು.

ಜೀವ ಉಳಿಯಿತು. ಹೆಸರು ಉಳಿಯಲಿಲ್ಲ. ಮರುದಿನ ನೀರು ಇಳಿದ ಮೇಲೆ ರಸ್ತೆ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಬೂಟಿಗೆ ಕೆಸರಾಗದಂತೆ ದೂರದಲ್ಲೇ ನಿಂತು, "ಚಾಲಕನ ನಿರ್ಲಕ್ಷ್ಯ. ಕಣ್ಣಿಗೆ ಕಾಣುವ ಪ್ರವಾಹದಲ್ಲಿ ಯಾರಾದರೂ ಗಾಡಿ ಇಳಿಸುತ್ತಾರೇನ್ರಿ?" ಎಂದರು.

ಗಂಗಕ್ಕ ಕೂಸನ್ನು ನಮ್ಮ ಅವ್ವನ ಕೈಗೆ ಕೊಟ್ಟು ತಗ್ಗಿಗೆ ಇಳಿದಳು. ಅಲ್ಲಿ ಬಿದ್ದಿದ್ದ ಹಳೆಯ ಕಲ್ಲೊಂದನ್ನು ಊರವರು ಅವಳೊಡನೆ ಉರುಳಿಸಿ ತಂದು, ಹೂತಿದ್ದ ಗುರುತಿನವರೆಗೆ ನೆಲದಲ್ಲಿ ಇಳಿಸಿ, ಹೊಸ ಕಂಬದ ಪಕ್ಕ ನಿಲ್ಲಿಸಿದರು. ಹಳೆಯ ಪಟ್ಟಿ ಅವಳ ಮೊಣಕಾಲಿಗೆ ಬಂತು. ಹೊಸ ಪಟ್ಟಿ ಎದೆಗೆ.

"ನೋಡ್ರಿ ಸಾಹೇಬ್ರ. ನಮ್ಮ ಪಟ್ಟಿ ಇಲ್ಲಿ. ನಿಮ್ಮ ಪಟ್ಟಿ ಇಲ್ಲಿ. ಈ ನಡುವಿಂದ್ರಾಗ ನನ್ನ ಕೂಸು ಮುಳಗತಿತ್ತು."

"ಅದು ಬರೀ ಬಣ್ಣ ಕಣಮ್ಮ. ಅಲಂಕಾರಕ್ಕೆ ಹೊಡೆದದ್ದು. ಇಲಾಖೆ ಅದನ್ನು ನೋಡಿ ದಾಟಿ ಅಂತ ಹೇಳಿದೆಯಾ?"

"ಕಲ್ಲ ಕೀಳ್ರಿ ಅಂತ ನಾವು ಹೇಳಿದ್ವೇನ್ರಿ?"

ಜೀಪು ಹೊರಟಿತು. ಕಾಗದದಲ್ಲಿ ಚಾಲಕನ ನಿರ್ಲಕ್ಷ್ಯವೆಂದೇ ಉಳಿಯಿತು. ಗುತ್ತಿಗೆದಾರನ ಹೆಸರು ಎಲ್ಲೂ ಬರಲಿಲ್ಲ. ಆ ಪಂಚಮಿಗೆ ನಮ್ಮೂರಿನಲ್ಲಿ ಯಾರೂ ಜೋಕಾಲಿ ಕಟ್ಟಲಿಲ್ಲ. ಹಗ್ಗಗಳು ಊರ ಅಗಸೆಬಾಗಿಲ ಮುಂದೆ ಒದ್ದೆಯಾಗಿಯೇ ಬಿದ್ದಿದ್ದವು. ಗಂಗಕ್ಕ ಮಾತ್ರ ಬುಟ್ಟಿಯ ಉಂಡಿಗಳನ್ನು ಬಿಸಿಲಿಗೆ ಒಣಗಿಸಿ ಮನೆಮನೆಗೆ ಹಂಚಿದಳು. ಹಳ್ಳದ ಕೆಸರಿನ ವಾಸನೆ ಇತ್ತು. ಎಲ್ಲರೂ ತಿಂದರು.

ದಂಡೆಯ ಮೇಲಿನವರು ತೆಗೆದ ವಿಡಿಯೊ ಚಿತ್ರ ಊರೂರು ತಿರುಗಿತು. ಇಂದಿಗೂ ಮಳೆಗಾಲ ಬಂತೆಂದರೆ ಅದು ಯಾರದೋ ಮೊಬೈಲಿನಿಂದ ಎದ್ದು ಬರುತ್ತದೆ, ನಗುವ ಮುಖದ ಗುರುತುಗಳ ಜೊತೆ, ಯಾವುದೋ ಕುಣಿತದ ಹಾಡಿನ ಜೊತೆ. ಧಾರವಾಡದಲ್ಲಿ ನಾನು ಕಾಲೇಜು ಓದುವಾಗ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗೆಳತಿಯೊಬ್ಬಳು ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದಳು. "ಎಂಥಾ ಹುಚ್ಚ ಡ್ರೈವರ್ ಇದ್ದಾನ ನೋಡ್ರೇ!"

"ಆ ಹುಚ್ಚ ನಮ್ಮಪ್ಪ" ಎಂದೆ. "ಆ ಚೀಲದ ಮ್ಯಾಲೆ ಕಾಣತೈತಲ್ಲ, ಹಳದಿ ಫ್ರಾಕು, ಅದು ನಾನು."

ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಆ ಚಿತ್ರದಲ್ಲಿ ಎಲ್ಲವೂ ಇದೆ. ಕಂಬಗಳಿವೆ, ಕೆಂಪು ಪಟ್ಟಿಯೂ ಇದೆ, ನಿಲ್ಲಿಸಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಲಕ್ಷಾಂತರ ಕಣ್ಣು ಅದನ್ನು ನೋಡಿವೆ. ಪಟ್ಟಿ ಅಲ್ಲಿ ಏಕಿದೆ ಎಂದು ಒಬ್ಬರೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಸಿಟ್ಟು. ಈ ಸಿಟ್ಟು ಓದಿನಿಂದ ಕಡಿಮೆಯಾಗಿಲ್ಲ. ಓದಿದಷ್ಟೂ ಹೆಚ್ಚಾಗಿದೆ.

ಈಗ ಹಳ್ಳಕ್ಕೆ ಎತ್ತರದ ಸೇತುವೆ ಬಂದಿದೆ. ನಮಗೆ ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಪಂಚಮಿಗೆ ಹೊರಟ ಹೆಣ್ಣುಮಗಳು ಇಂದು ಲಾರಿಗೆ ಕೈ ಮಾಡುವುದಿಲ್ಲ, ಮಾಡಿದರೂ ನಿಲ್ಲಿಸುವ ಧೈರ್ಯ ಯಾವ ಡ್ರೈವರಿಗೂ ಇಲ್ಲ. ಕಾರಹುಣ್ಣಿಮೆಯ ಬಣ್ಣ ಎತ್ತಿನ ಕೋಡಿಗೇ ಮುಗಿಯುತ್ತದೆ. ಮಕ್ಕಳು ಹಳ್ಳ ನೋಡಲು ಹೋಗುವುದು ಚಿತ್ರ ತೆಗೆಯಲು. ಒಬ್ಬರು ಎಳೆದ ಗೆರೆಯನ್ನು ಕಣ್ಣುಮುಚ್ಚಿ ನಂಬಿ ಇನ್ನೊಬ್ಬರು ನೀರಿಗಿಳಿಯುತ್ತಿದ್ದ ಕಾಲವೊಂದಿತ್ತು. ಅದನ್ನು ನಮ್ಮಿಂದ ಒಯ್ದದ್ದು ಪ್ರವಾಹವಲ್ಲ.

ಆ ಘಟನೆಯಾದ ಮೇಲೆ ಅಪ್ಪ ನಿದ್ದೆ ಕಳೆದುಕೊಂಡ. ಮಲಗಿದಲ್ಲೇ ಬಲಗಾಲು ಒತ್ತುತ್ತಿದ್ದ, ಬೆವೆತು ಎದ್ದು ಕೂಡುತ್ತಿದ್ದ. ಅವನು ಎದ್ದರೆ ನಾನೂ ಎಚ್ಚರಾಗುತ್ತಿದ್ದೆ. ದೀಪಾವಳಿ ಹೋಯಿತು, ಸುಗ್ಗಿ ಹೋಯಿತು. ಮುಂದಿನ ಕಾರಹುಣ್ಣಿಮೆ ಬಂತು. ಎತ್ತುಗಳ ಮೆರವಣಿಗೆ ಮುಗಿದ ಮೇಲೆ ಅಪ್ಪ ಉಳಿದ ಬಣ್ಣದ ಡಬ್ಬಿ ಹಿಡಿದು ಹಳ್ಳಕ್ಕೆ ನಡೆದ. ಹುಸೇನಸಾಬ ಗಾರೆಯ ಕರಣೆ ಹಿಡಿದು ಹಿಂದೆ ಹೋದ. ನಾನೂ ಹೋದೆ. ಹುಸೇನಸಾಬ ಕಂಬದ ತುದಿಯ ಕೆಂಪನ್ನು ಕೆರೆದು ಹಾಕುತ್ತ ಬಂದ. ಅಪ್ಪ ಪ್ರತಿ ಕಂಬಕ್ಕೂ ತನ್ನ ಮೊಣಕಾಲು ಒತ್ತಿ ಎತ್ತರ ನೋಡಿ ಹೊಸ ಪಟ್ಟಿ ಎಳೆದ.

"ಸರಕಾರಿ ಕಂಬ. ಕೇಸು ಹಾಕ್ತಾರೋ ಶೇಖಾ" ಎಂದ ಹುಸೇನಸಾಬ.

"ಹಾಕ್ಲಿ. ಇದಕ್ಕೂ ನನ್ನ ನಿರ್ಲಕ್ಷ್ಯ ಅಂತ ಬರಕೊಳ್ಳಲಿ."

ಹುಸೇನಸಾಬ ಬಿದ್ದು ಬಿದ್ದು ನಕ್ಕ. ಹತ್ತಿರ ಹತ್ತಿರ ಒಂದು ವರ್ಷದಲ್ಲಿ ಮೊದಲ ಸಲ ಅಪ್ಪನೂ ನಕ್ಕ.

ಮರುದಿನ ಬೆಳಿಗ್ಗೆ ಬಿಸಿಲು ಹೊಸ್ತಿಲು ದಾಟಿ ಅಪ್ಪನ ಕಂಬಳಿಯ ಮೇಲೆ ಬಂದಿತ್ತು. ಅವ್ವ ಬಾಗಿಲಲ್ಲಿ ನಿಂತು ನನ್ನ ಬಾಯಿಗೆ ಬೆರಳಿಟ್ಟಳು. "ಎಬ್ಬಸಬ್ಯಾಡ. ರಾತ್ರಿ ಒಮ್ಮೀನೂ ಎದ್ದಿಲ್ಲ" ಎಂದಳು. ಆಗ ನನಗೆ ಹೊಳೆಯಿತು, ನಾನೂ ಎದ್ದಿರಲಿಲ್ಲ. ಅಪ್ಪನ ಬಲಗಾಲು ಕಂಬಳಿಯಿಂದ ಹೊರಗೆ ಚಾಚಿತ್ತು, ಹಿಮ್ಮಡಿಯಲ್ಲಿ ಒಣಗಿದ ಕೆಂಪು ಬಣ್ಣ. ಅಪ್ಪ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ, ಕಾಲು ಏನನ್ನೂ ಒತ್ತದೆ ಮಲಗಿತ್ತು.