ಜೋಪಾನ ಮೇಷ್ಟ್ರ ಸ್ಪ್ರಿಂಗು

ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ವೈರಿಂಗ್ ಕಲಿಸುವ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಕರೆಯುವವರಿರಲಿಲ್ಲ, ಅಷ್ಟೆ. ಡ್ರಿಲ್ಲಿಂಗ್ ಮೆಷಿನ್ನಿನ ಹತ್ತಿರ ಯಾರು ಸುಳಿದರೂ "ಜೋಪಾನ" ಅನ್ನುವರು. ಸ್ಕ್ರೂಡ್ರೈವರ್ ಎತ್ತಿಕೊಂಡರೂ ಜೋಪಾನ, ಸ್ಟೂಲಿನ ಮೇಲೆ ಕೂತರೂ ಜೋಪಾನ. ಹುಡುಗರು ಸುಮ್ಮನಿರುತ್ತಾರೆಯೇ? ಜೋಪಾನ ಮೇಷ್ಟ್ರು ಎಂದೇ ಕರೆದರು. "ಮದುವೆಯಾದ ದಿನ ನನ್ನ ಜೊತೆ ಆಡಿದ ಮೊದಲನೇ ಮಾತೂ ಅದೇ ಕಣ್ರೀ, ಮೆಟ್ಟಿಲು ಜೋಪಾನ ಅಂತ" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು.

ಒಬ್ಬಳೇ ಮಗಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳೂ ಅವಳ ಗೆಳೆಯರೂ ಸೇರಿ ನೀರೊಳಗೆ ಓಡಾಡುವ ರೋಬೋ ಒಂದನ್ನು ಕಟ್ಟಿದ್ದರು. ಪ್ಲಾಸ್ಟಿಕ್ ಪೈಪಿನ ಚೌಕಟ್ಟು, ಮೂಲೆಗೊಂದು ಮೋಟಾರು, ಮುಂದಕ್ಕೊಂದು ಕ್ಯಾಮೆರಾ, ಒಂದು ಕೊಕ್ಕೆ. ಹೆಸರು ಕಪ್ಪೆ. ಬೇರೆಯವರು ನಡೆಸಿದರೆ ಈಜುಕೊಳದ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ ಕಪ್ಪೆ ಇವಳು ನಡೆಸಿದರೆ ಹೇಳಿದ ಮಾತು ಕೇಳುತ್ತಿತ್ತು. ಹಾಗಾಗಿ ಕಾಲೇಜುಗಳ ಸ್ಪರ್ಧೆಯಲ್ಲಿ ನಡೆಸುವವಳು ಇವಳೇ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು.

ಆದರೆ ಕಾಯಿಲೆ ಬಂದದ್ದು ಆ ಕೈಗೇ. ಸ್ನಾಯುಗಳ ಶಕ್ತಿ ಮೆಲ್ಲಗೆ ಕುಂದುತ್ತ ಹೋಗುತ್ತದೆ, ಎಲ್ಲಿಗೆ ನಿಲ್ಲುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರು. ಮನೆಯಲ್ಲಿ ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

"ನಿನ್ನ ಕೈಗೆ ಒಪ್ಪೋ ಅಂಥ ಕಂಟ್ರೋಲರ್ ನಾನು ಮಾಡಿಕೊಡ್ತೀನಿ ಮಗಳೇ" ಅಂದರು ಮೇಷ್ಟ್ರು.

ಜೇಡಿಮಣ್ಣಿನ ಮುದ್ದೆ ಕೊಟ್ಟು ಅವಳ ಕೈಯಲ್ಲಿ ಒತ್ತಿಸಿ, ಆ ಅಚ್ಚು ನೋಡಿಕೊಂಡು ಹಿಡಿಕೆ ಮಾಡಿದರು. ಎಡ ಹೆಬ್ಬೆರಳಿಗೆ ಕಪ್ಪೆಯನ್ನು ಮೇಲೆ ಕೆಳಗೆ ಒಯ್ಯುವ ಕಡ್ಡಿ, ಬಲ ಹೆಬ್ಬೆರಳಿಗೆ ಮುಂದೆ ಒಯ್ಯುವ, ತಿರುಗಿಸುವ ಕಡ್ಡಿ. ಒದ್ದೆ ಕೈಗೆ ಜಾರದ ಹಾಗೆ ರಬ್ಬರು. ಎಲ್ಲಕ್ಕಿಂತ ಮುಖ್ಯ, ಬಲಗೈ ತೋರುಬೆರಳಿನ ಕೆಳಗೆ ಸೈಕಲ್ ಬ್ರೇಕಿನಂಥ ಒಂದು ಲಿವರ್. ಅದನ್ನು ಒತ್ತಿ ಹಿಡಿದಿದ್ದರೆ ಮಾತ್ರ ಮೋಟಾರು ಓಡಬೇಕು. ಬೆರಳು ಸಡಿಲವಾದರೆ ಸ್ಪ್ರಿಂಗು ಲಿವರನ್ನು ಹಿಂದಕ್ಕೆ ತಳ್ಳಿ ಎಲ್ಲವನ್ನೂ ನಿಲ್ಲಿಸಬೇಕು. ಜೋಪಾನ ಮೇಷ್ಟ್ರು ಅಂಥದ್ದೊಂದು ಇಡದೆ ಬಿಟ್ಟಾರೆಯೇ?

ಕೆಲವು ವಾರ ಕಳೆದವು. ಮಗಳು ಒಂದು ದಿನ ಲಿವರ್ ಒತ್ತುವಾಗ ತುಟಿ ಕಚ್ಚಿಕೊಂಡದ್ದನ್ನು ಮೇಷ್ಟ್ರು ನೋಡಿಬಿಟ್ಟರು. ಮಧ್ಯಾಹ್ನ ಹುಡುಗರೆಲ್ಲ ಊಟಕ್ಕೆ ಹೋದಾಗ ಕಂಟ್ರೋಲರಿನ ಡಬ್ಬಿ ಬಿಚ್ಚಿ, ಸ್ಪ್ರಿಂಗು ತೆಗೆದು, ಟಾರ್ಚಿನೊಳಗಿನ ಮೆತ್ತನೆಯ ಸ್ಪ್ರಿಂಗು ಹಾಕಿದರು. ಯಾರಿಗೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಅವಳ ಬೆರಳಿಗೆ ಅದೂ ಗಟ್ಟಿಯಾಯಿತು. ಅದನ್ನು ತೆಗೆದು ಬಾಲ್‌ಪೆನ್ನಿನ ಸ್ಪ್ರಿಂಗು ಹಾಕಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಕತೆ ಇದು. ಹೆತ್ತ ಕರುಳಿನಂಥ ದಡ್ಡ ವಸ್ತು ಇನ್ನೊಂದಿಲ್ಲ.

ಆ ಸಂಜೆ ಮಗಳು ಕುಣಿದುಕೊಂಡು ಮನೆಗೆ ಬಂದಳು. "ಅಮ್ಮಾ, ಲಿವರ್ ಎಷ್ಟು ಸಲೀಸಾಗಿ ಒತ್ತಿದೆ ಗೊತ್ತಾ! ಕೈ ಸರಿಹೋಗ್ತಾ ಇದೆ ಕಣಮ್ಮಾ!" ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗಳ ಬೆರಳುಗಳಿಗೆ ಒಂದೊಂದಾಗಿ ಮುತ್ತಿಟ್ಟರು. ಮೇಷ್ಟ್ರು ತಟ್ಟೆಯ ಮುಂದೆ ತಲೆ ತಗ್ಗಿಸಿಕೊಂಡೇ ಊಟ ಮುಗಿಸಿದರು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಸ್ಪರ್ಧೆಗೆ ಮುಂಚಿನ ವಾರ ಕೊಳದಲ್ಲಿ ಕೊನೆಯ ತಾಲೀಮು. ಮಗಳು ಕಂಟ್ರೋಲರ್ ಹಿಡಿದು ದಡದಲ್ಲಿದ್ದಳು, ಮೇಷ್ಟ್ರೂ ಇದ್ದರು. ತಂಡದ ಉದ್ದನೆಯ ಹುಡುಗ, ಎಲ್ಲರೂ ಲಂಬು ಅನ್ನುತ್ತಿದ್ದವನು, ಎದೆಮಟ್ಟದ ನೀರಿನಲ್ಲಿ ನಿಂತು ಕಪ್ಪೆ ಎತ್ತಿಕೊಳ್ಳಬೇಕಾದ ಬಳೆಗಳನ್ನು ಇಡುತ್ತಿದ್ದ. ಕಪ್ಪೆ ಅವನ ಕಡೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಮಗಳ ಬಲಗೈ ಸೋತಿತು. ತೋರುಬೆರಳು ಲಿವರಿನಿಂದ ಜಾರಿತು, ಹೆಬ್ಬೆರಳು ಮಾತ್ರ ಕಡ್ಡಿಯ ಮೇಲೆ ಭಾರವಾಗಿ ಬಿದ್ದುಕೊಂಡಿತು.

"ಬೆರಳು ತೆಗೆದಿದ್ದೀನಿ ಅಪ್ಪಾ, ನಿಲ್ತಾ ಇಲ್ಲ!"

ಹಿಡಿಕೆಯ ಒದ್ದೆ ರಬ್ಬರು ಲಿವರನ್ನು ಹಿಡಿದುಕೊಂಡಿತ್ತು. ಅದನ್ನು ಹಿಂದಕ್ಕೆ ತಳ್ಳುವ ಶಕ್ತಿ ಪೆನ್ನಿನ ಸ್ಪ್ರಿಂಗಿಗೆ ಎಲ್ಲಿಂದ ಬರಬೇಕು? ಮೇಷ್ಟ್ರು ಓಡಿ ಹೋಗಿ ದಡದ ಮೇಲಿದ್ದ ಬ್ಯಾಟರಿಯ ವೈರು ಕಿತ್ತರು. ಅಷ್ಟರಲ್ಲಿ ಅಡ್ಡ ಹಿಡಿದ ಲಂಬುವಿನ ಅಂಗೈಯನ್ನು ಮೋಟಾರಿನ ರೆಕ್ಕೆ ಸೀಳಿತ್ತು. ನೀರು ಕೆಂಪಾಯಿತು.

ಹೊಲಿಗೆ ಹಾಕಿಸಿಕೊಂಡು ಬಂದ ಲಂಬು ಮೇಷ್ಟ್ರನ್ನೇ ಸಮಾಧಾನ ಮಾಡಿದ. "ಇರ್ಲಿ ಬಿಡಿ ಸರ್, ಸ್ಪ್ರಿಂಗು ಸಿಕ್ಕಿಹಾಕ್ಕೊಂಡಿರಬೇಕು." ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಹುಡುಗರು ಹೋದ ಮೇಲೆ ಮಗಳು ವರ್ಕ್‌ಶಾಪಿಗೆ ಬಂದು ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು. "ಬಿಚ್ಚು ಅಪ್ಪಾ."

ಬಿಚ್ಚಿದರು. ಅವಳು ಬಗ್ಗಿ ನೋಡಿದಳು.

"ಇದು ಪೆನ್ನಿಂದು."

"ಹೂಂ. ಅದಕ್ಕೆ ಮುಂಚೆ ಟಾರ್ಚಿಂದು ಹಾಕಿದ್ದೆ."

"ಅಂದ್ರೆ ನನ್ನ ಕೈ ಸರಿಹೋಗ್ತಾ ಇರ್ಲಿಲ್ಲ."

ಮೇಷ್ಟ್ರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದಳು ಮಗಳು. ನಗಲು ನೋಡಿದಳು, ಆಗಲಿಲ್ಲ. "ನಾನು ಅನ್ನೋಕೆ ಮುಂಚೇನೇ ನೀನು ನೆಲ ಸರಿ ಮಾಡ್ತಾ ಹೋದೆ. ನಾನು ಕುಣೀತಾ ಇದೀನಿ ಅಂದ್ಕೊಂಡೆ. ಅಮ್ಮಂಗೂ ಹಾಗೇ ಹೇಳ್ದೆ."

"ನಿನ್ನ ಮುಖ ನೋಡಕ್ಕಾಗ್ಲಿಲ್ಲ ಮಗಳೇ."

"ಲಂಬು ಕೈ ನೋಡಿದ್ಯಲ್ಲಾ."

ಅವಳು ಕಂಟ್ರೋಲರನ್ನು ಅಪ್ಪನ ಕಡೆ ತಳ್ಳಿದಳು. "ಮೊದಲಿಂದು ಹಾಕು. ನನಗೆ ಆಗತ್ತೋ ಇಲ್ವೋ ನಾನೇ ನೋಡ್ತೀನಿ. ಆಗ್ದೇ ಇದ್ರೆ ಬೇರೆಯವರು ನಡೆಸ್ಲಿ."

ಮೇಷ್ಟ್ರು ಡ್ರಾಯರಿನಿಂದ ಹಳೆಯ ಸ್ಪ್ರಿಂಗು ಹುಡುಕಿ ತೆಗೆದು ಕೂರಿಸಿದರು, ಮುಚ್ಚಳ ಬಿಗಿದರು, ಒಮ್ಮೆ ತಾವೇ ಒತ್ತಿ ನೋಡಿದರು. ಲಿವರ್ ಟಕ್ಕೆಂದು ಹಿಂದಕ್ಕೆ ಬಂತು. ಕಂಟ್ರೋಲರನ್ನು ಮಗಳ ಕೈಗಿಟ್ಟು, ತೋರುಬೆರಳನ್ನು ಲಿವರಿನ ಮೇಲೆ ಕೂರಿಸಿ, ಕಣ್ಣು ಮಿಟುಕಿಸದೆ ನೋಡುತ್ತ ನಿಂತರು. ಲಿವರ್ ಕದಲಲಿಲ್ಲ.

"ಒತ್ತು ಮಗಳೇ" ಅಂದರು.

"ಒತ್ತುತ್ತಾ ಇದೀನಲ್ಲಪ್ಪಾ" ಅಂದಳು.