ಅಮ್ಮನ ಎಡಗೈ ಹೇಳಿದ್ದು

ಬೆಳಗಿನ ಐದೂಮುಕ್ಕಾಲು. ಸರಕಾರಿ ಆಸ್ಪತ್ರೆಯ ಮೂರನೇ ಕಿಟಕಿ ತೆರೆಯಲು ಇನ್ನೂ ಒಂದು ಗಂಟೆಗೂ ಹೆಚ್ಚು ಸಮಯವಿದೆ. ಚೀಟಿಗಾಗಿ ನಿಂತ ಸಾಲು ಮಾತ್ರ ಆಗಲೇ ಮೆಟ್ಟಿಲು ಇಳಿದಿದೆ. ಮೊಗಸಾಲೆಯ ಆ ಮೂಲೆಗೆ ದೀಪವಿಲ್ಲ. ಅಲ್ಲಿ ಕಡುನೀಲಿ ಸ್ವೆಟರ್ ತೊಟ್ಟ ನಲವತ್ತಾರರ ಹೆಂಗಸೊಬ್ಬರು ಗೋಡೆಗೆ ಒರಗಿ ನಿಂತು, ಬೆರಳುದ್ದದ ಟಾರ್ಚೊಂದನ್ನು ಕೊರಳಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಬೆಳಕು ಕೆಳಗೆ, ಅವರ ಎರಡು ಕೈಗಳ ಮೇಲೆ ಬೀಳುತ್ತದೆ. ಕೈಗಳು ಮಾತಾಡತೊಡಗುತ್ತವೆ.

ಎದುರಿಗಿರುವ ಗಂಡಸು ಮನೆಗಳಿಗೆ ಬಣ್ಣ ಬಳಿಯುವವರು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಬೆನ್ನುನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಕೆಮ್ಮಿದರೆ ಹೆಚ್ಚಾಗುತ್ತದೆಯೇ ಎಂದು ಕೈಗಳು ವಿಚಾರಿಸುತ್ತವೆ. ಡಾಕ್ಟರ ಮುಂದೆ ಸಿಗುವುದು ಎರಡೇ ನಿಮಿಷ, ಅದಕ್ಕೇ ಈ ತಾಲೀಮು. ನೋವು ಏಣಿ ಹತ್ತುವಾಗ ಬರುವುದಿಲ್ಲವಂತೆ, ಹೆಂಡತಿ ಸಿಲಿಂಡರ್ ಎತ್ತಿಡಿ ಅಂದಾಗ ಮಾತ್ರ ಬರುತ್ತದಂತೆ. ಹೆಂಗಸು ನಗು ತಡೆದುಕೊಳ್ಳುತ್ತಾರೆ. ಡಾಕ್ಟರ ಮುಂದೆಯೂ ಇದನ್ನು ಹೀಗೆಯೇ, ಒಂದು ಪದ ಬಿಡದೆ ಒಪ್ಪಿಸಬೇಕು. ಅದು ನಿಯಮ.

ನಿಯಮ ಅವರದಲ್ಲ. ಸ್ವೆಟರೂ ಅವರದಲ್ಲ. ಎರಡೂ ಅವರ ಅಮ್ಮನವು. ಎಪ್ಪತ್ತೊಂದು ವರ್ಷ ಬದುಕಿದ ಆ ಅಮ್ಮ ತೀರಿಕೊಂಡು ಎರಡು ತಿಂಗಳು ದಾಟಿದೆ. ಮೂವತ್ತನಾಲ್ಕು ವರ್ಷ, ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಅವರು ಇದೇ ಗೋಡೆಗೆ ಒರಗಿ ನಿಂತಿದ್ದರು. ಸಂಬಳವಿಲ್ಲ, ಎದೆಗೆ ಬಿಲ್ಲೆಯಿಲ್ಲ, ಆಸ್ಪತ್ರೆಯ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಎಲ್ಲರ ಬಾಯಲ್ಲೂ ಅವರು ಕೈಯಮ್ಮ. ಹೂವಿನ ಚಿತ್ತಾರದ ಬಟ್ಟೆಯ ಮೇಲೆ ಕೈ ಕಳೆದುಹೋಗುತ್ತದೆಂದು ಈ ಎರಡು ದಿನ ಕಡುನೀಲಿ ಬಿಟ್ಟು ಬೇರೆ ತೊಡುತ್ತಿರಲಿಲ್ಲ. ಸ್ವೆಟರಿನ ಮೊಣಕೈ ನಾಲ್ಕು ಸಲ ಹೊಲಿಗೆ ಕಂಡಿದೆ.

ಅಮ್ಮ ಕೈಮಾತು ಕಲಿತದ್ದು ಅಡುಗೆಮನೆಯಲ್ಲಿ. ಎರಡು ವರ್ಷದ ಮಗನಿಗೆ ಜ್ವರ ಬಂತು. ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮಗುವಿಗೂ ತನಗೂ ನಡುವೆ ಬಿದ್ದ ಆ ಮೌನವನ್ನು ಅಮ್ಮ ಒಂದೊಂದೇ ಪದದಿಂದ ತುಂಬಿದರು. ಸ್ಪ್ಯಾನರ್ ತಿರುಗಿಸಿದಂತೆ ಮಣಿಕಟ್ಟು ಹೊರಳಿಸಿದರೆ ಅಪ್ಪ, ಏಕೆಂದರೆ ಅಪ್ಪ ಬಸ್ಸು ರಿಪೇರಿ ಮಾಡುತ್ತಿದ್ದರು. ಕಿವಿಯ ಹಿಂದಿನ ಜಡೆಯನ್ನು ಎಳೆದಂತೆ ಮಾಡಿದರೆ ಅಕ್ಕ. ಅಕ್ಕ ಕೂದಲು ಕತ್ತರಿಸಿಕೊಂಡು ಇಪ್ಪತ್ತು ವರ್ಷವಾದರೂ ಹೆಸರು ಮಾತ್ರ ಜಡೆಯಲ್ಲೇ ಉಳಿದಿದೆ. ತಮ್ಮನ ಗೆಳೆಯರೆಲ್ಲ ಅವರನ್ನು ಗುರುತಿಸುವುದೂ ಹಾಗೆಯೇ; ನೀಲಿ ಸ್ವೆಟರಿನ ಈ ಹೆಂಗಸು ಆಸ್ಪತ್ರೆಗೆಲ್ಲ ಈಗ ಅಕ್ಕ.

ಮಗ ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿದಾಗ ಅಮ್ಮನೂ ಜೊತೆಗೆ ಹೋಗಿ ಜಗಲಿಯಲ್ಲಿ ತರಕಾರಿ ಹೆಚ್ಚುತ್ತ ಕೂತರು. ಕಿಟಕಿಯಿಂದ ಕಂಡದ್ದನ್ನು ಕಲಿತರು. ಎರಡು ವರ್ಷ! ಆಮೇಲೊಂದು ದಿನ ಕೆಮ್ಮಿನ ಔಷಧಿಗೆಂದು ಆಸ್ಪತ್ರೆಗೆ ಬಂದವರ ಕಣ್ಣಿಗೆ ಏಣಿಯಿಂದ ಬಿದ್ದ ಬಣ್ಣದವರು ಬಿದ್ದರು. ಇದೇ ಬಣ್ಣದವರು, ಆಗ ಮೀಸೆ ಚಿಗುರುತ್ತಿದ್ದ ಹುಡುಗ. ಎಲ್ಲಿ ನೋವು ಎಂದು ಡಾಕ್ಟರು ಕಿರುಚಿ ಕೇಳುತ್ತಿದ್ದರು, ಜೋರಾಗಿ ಕೇಳಿದರೆ ಕೇಳಿಸುತ್ತದೆ ಎಂಬಂತೆ. ಅಮ್ಮ ಕೈಚೀಲ ಕೆಳಗಿಟ್ಟರು. ಅಂದು ಕೆಳಗಿಟ್ಟ ಚೀಲವನ್ನು ಮೂವತ್ತನಾಲ್ಕು ವರ್ಷ ಎತ್ತಲಿಲ್ಲ ಎಂದು ಮನೆಯಲ್ಲಿ ತಮಾಷೆ.

ನಿಯಮ ಹುಟ್ಟಿದ್ದೂ ಈ ಕಿಟಕಿಯಲ್ಲೇ. ಒಳಗೆ ಕೂರುವ ಗುಮಾಸ್ತರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಕತೆಯನ್ನು ಅವರೇ ಹೇಳುತ್ತಾರೆ, ಅರ್ಧ ನಾಚಿಕೆ, ಅರ್ಧ ಹೆಮ್ಮೆ.

"ಕೆಲಸಕ್ಕೆ ಸೇರಿದ ಹೊಸದು, ತಲೆ ಬಿಸಿ. 'ಈ ಮೂಗನ್ನ ಕಟ್ಕೊಂಡು ಎಷ್ಟು ಸಲ ಬರ್ತೀಯಮ್ಮ' ಅಂದ್ಬಿಟ್ಟೆ. ಆಯಮ್ಮ ನನ್ನ ಮೇಲೆ ರೇಗ್ಲೇ ಇಲ್ಲ. ನಾನಂದಿದ್ದನ್ನ ಅಷ್ಟೂ ಕೈಯಲ್ಲಿ ಅವನಿಗೆ ಹೇಳಿದ್ರು. ಅವನೂ ಕೈಯಲ್ಲಿ ಏನೋ ಅಂದ. ಆಯಮ್ಮ ನನ್ನ ಕಡೆ ತಿರುಗಿ, 'ನಿಮ್ಮ ಬಾಯಿ ಚೆನ್ನಾಗೇ ಇದೆಯಲ್ಲ, ಅದನ್ನ ಒಳ್ಳೆ ಮಾತಿಗೆ ಬಳಸ್ಬಾರ್ದಾ ಅಂತ ಕೇಳ್ತಿದ್ದಾರೆ. ನಾನಲ್ಲ, ಅವರು' ಅಂದ್ರು. ಸಾಲಲ್ಲಿದ್ದೋರೆಲ್ಲ ನಕ್ಕಿದ್ದೇ ನಕ್ಕಿದ್ದು. ಅವತ್ತಿಂದ ಈ ಬಾಯಿ ಹಿಡಿತದಲ್ಲಿದೆ ನೋಡಿ."

ಮಗಳು ಒಮ್ಮೆ ಕೇಳಿದ್ದುಂಟು, ಬೈದದ್ದನ್ನೂ ಯಾಕೆ ಹೇಳ್ತೀಯಮ್ಮ ಎಂದು. "ಅವರಿಗೆ ಅಂತ ಆಡಿದ ಮಾತು ಅವರ ಸ್ವತ್ತು ಕಣೆ. ಬೈಗುಳ ಆದ್ರೂ ಅಷ್ಟೇ. ನಾನ್ಯಾಕೆ ಇಟ್ಕೊಳ್ಲಿ?" ಎಂದರಂತೆ ಅಮ್ಮ, ಕುಕ್ಕರಿನ ಮುಚ್ಚಳ ತಿರುವುತ್ತ.

ಮನೆಯೇನು ಹಿಂದೆ ಬೀಳಲಿಲ್ಲ. ನಾಲ್ಕಕ್ಕೆ ಏಳುತ್ತಿದ್ದರು. ಇಡೀ ದಿನದ ಅಡುಗೆ ಮುಗಿಸಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಚೀಟಿ: 'ಬಿಸಿ ಮಾಡ್ಕೊಂಡು ತಿನ್ನಿ. ತಣ್ಣಗಿದ್ದದ್ದು ತಿಂದು ನನ್ನ ಬೈಬೇಡಿ.' ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತುಗಳು: ಯಾರ ಜೊತೆ ಬ್ಯಾಂಕಿಗೆ, ಯಾರ ಜೊತೆ ಪೊಲೀಸ್ ಠಾಣೆಗೆ, ಯಾರ ಮಗುವಿನ ಶಾಲೆಯ ಸಭೆಗೆ. ಕಾಯಂ ಆಗಿ ಅವರನ್ನು ನಂಬಿದವರು ಇಪ್ಪತ್ತಾರು ಮಂದಿ. ಅಪ್ಪ ತೀರಿಹೋದ ವಾರ ಮಾತ್ರ ಆ ಕ್ಯಾಲೆಂಡರು ಖಾಲಿ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ ಕೊರಳಪಟ್ಟಿಯ ಟಾರ್ಚನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಮುಂದಿನದನ್ನು ಟಾರ್ಚಿನ ಗುಂಡಿ ಒತ್ತುತ್ತ, ಬಿಡುತ್ತ ಹೇಳುತ್ತಾರೆ.

"ತಮ್ಮನ ಹತ್ರ ಮಾತಾಡ್ಬೇಕು ಅಂದ್ರೆ ಅಮ್ಮ ಕೆಲಸ ಬಿಟ್ಟು ಅವನ ಕಡೆ ತಿರುಗ್ಲೇಬೇಕಿತ್ತು. ನನಗೆ ಕಿವಿ ಇತ್ತಲ್ಲ, ಪಾತ್ರೆ ತೊಳೀತಾನೇ ಮಾತಾಡೋಳು. ಅವನಿಗೆ ಅಮ್ಮನ ಮುಖ ಸಿಕ್ತು, ನನಗೆ ಬೆನ್ನು. ಹೊಟ್ಟೆಕಿಚ್ಚು ಅಂದ್ಕೊಳ್ಳಿ. ಚಿಕ್ಕೋಳಿದ್ದಾಗ ಒಂದ್ಸಲ ಕಿವಿಗೆ ಹತ್ತಿ ತುರುಕ್ಕೊಂಡು ಕೂತಿದ್ದೆ."

ಆಮೇಲೆ ಆ ಹನ್ನೊಂದು ದಿನಗಳು. ಪಾರ್ಶ್ವವಾಯು ಅಮ್ಮನ ಬಲಭಾಗವನ್ನೂ ನಾಲಿಗೆಯನ್ನೂ ಕಸಿದುಕೊಂಡಿತು. ಉಳಿದದ್ದು ಕಿವಿ, ಕಣ್ಣು, ನಡುಗುವ ಎಡಗೈ. ಇದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಊರಿಗೆಲ್ಲ ಮಾತು ದಾಟಿಸಿದವರ ಮಾತನ್ನು ದಾಟಿಸುವವರು ಬೇಕಾದರು. ಅಕ್ಕನಿಗೆ ಬರುತ್ತಿದ್ದುದು ಎರಡೂ ಕೈ ಆಡುವ ಕೈಮಾತು. ಆ ಮುರುಕು ಸನ್ನೆಗಳು ಹಿಡಿತಕ್ಕೆ ಸಿಗಲಿಲ್ಲ. ಅವನ್ನು ಓದಿದವನು ತಮ್ಮ. ಅಮ್ಮನ ಎಡಗೈಯಿಂದ ತಮ್ಮನ ಕಣ್ಣಿಗೆ, ಅವನ ಕೈಯಿಂದ ಅಕ್ಕನಿಗೆ, ಅಕ್ಕನ ಬಾಯಿಂದ ಡಾಕ್ಟರಿಗೆ. ದಿಂಬು ಎತ್ತರವಾಯಿತು. ಬಾಯಾರಿದೆ. ಗ್ಯಾಸ್ ಆಫ್ ಮಾಡಿದ್ದೀರಾ? ಈ ಕೊನೆಯದನ್ನು ದಿನಕ್ಕೆ ಮೂರು ಸಲ ಕೇಳುತ್ತಿದ್ದರು.

"ಹನ್ನೊಂದು ದಿನ ಅಮ್ಮ ನನ್ನ ಮುಖ ನೋಡೇ ಮಾತಾಡಿದ್ಲು. ಅಷ್ಟು ದಿನ ಕಾದಿದ್ದು ಬಂತು, ನನಗೇ ಅರ್ಥ ಆಗ್ಲಿಲ್ಲ."

ಕೊನೆಯ ಬೆಳಿಗ್ಗೆ ಅಮ್ಮ ಇಲ್ಲದ ಜಡೆಯನ್ನು ಎಳೆದು ತೋರಿಸಿ, ಏನೋ ಉದ್ದವಾಗಿ ಹೇಳಿದರು. ಏನಂತೆ ಎಂದು ಅಕ್ಕ ತಮ್ಮನನ್ನು ಕೇಳಿದರು. ಅವನು ತುಸು ತಡೆದು, ಗ್ಯಾಸ್ ಆಫ್ ಮಾಡಿದ್ದೀಯಾ ಅಂತ ಕೇಳುತ್ತಿದ್ದಾಳೆ ಎಂದ. "ಮಾಡಿದ್ದೀನಮ್ಮ, ನೀನು ಆರಾಮಾಗಿರು" ಎಂದರು ಅಕ್ಕ. ಮಧ್ಯಾಹ್ನಕ್ಕೆ ಅಮ್ಮ ಹೋದರು.

ಅಮ್ಮನ ಜಾಗದಲ್ಲಿ ನಿಲ್ಲು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮುಂದಿನ ಮಂಗಳವಾರ ಇಪ್ಪತ್ತಾರರಲ್ಲಿ ನಾಲ್ಕು ಮಂದಿ ಮೂರನೇ ಕಿಟಕಿಯ ಮುಂದೆ ಸುಮ್ಮನೆ ನಿಂತಿದ್ದರು, ಅಷ್ಟೇ. "ಅಮ್ಮನ ಆಸೆನೂ ಅದೇ ಇರುತ್ತೆ ಅಲ್ವಾ? ಹೇಳದಿದ್ರೂ ಗೊತ್ತಾಗುತ್ತೆ" ಎನ್ನುತ್ತಾರೆ ಅಕ್ಕ. ಅವರು ದುಡಿಯುವ ಕನ್ನಡಕದ ಅಂಗಡಿಯ ಯಜಮಾನರು ವಾರಕ್ಕೆರಡು ಬೆಳಿಗ್ಗೆ ಬಿಡುವು ಕೊಟ್ಟರು, ಎರಡು ತಿಂಗಳ ಮಟ್ಟಿಗೆ. ಆಮೇಲೂ ಬಾಗಿಲು ತೆಗೆಯಲು ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಆ ಗಡುವು ಇವತ್ತಿಗೆ ಮುಗಿಯುತ್ತದೆ. ಸ್ವೆಟರಿನ ಜೇಬಿನಲ್ಲಿ ಮಡಿಸಿದ ಕಾಗದವೊಂದಿದೆ: ಕೆಲಸ ಬಿಡುವ ಪತ್ರ. ಹತ್ತೊಂಬತ್ತು ವರ್ಷದ ಕೆಲಸ. ಸಹಿಯೂ ಆಗಿದೆ.

ಒಂಬತ್ತರ ಹೊತ್ತಿಗೆ ಸಾಲು ಕರಗುತ್ತದೆ. ಬಣ್ಣದವರ ಸಿಲಿಂಡರಿನ ಕತೆಗೆ ಡಾಕ್ಟರೂ ನಕ್ಕು ಮಾತ್ರೆ ಬರೆದುಕೊಟ್ಟಿದ್ದಾರೆ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಾಗ ತಮ್ಮ ಬರುತ್ತಾನೆ. ನಲವತ್ತೆರಡು ವರ್ಷ, ಬೇಕರಿಯಲ್ಲಿ ಒಲೆಯ ಕೆಲಸ, ಮುಂಗೈವರೆಗೆ ಹಿಟ್ಟು. ಕಂಕುಳಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. ಪೊಟ್ಟಣ ಕೆಳಗಿಟ್ಟು, ಪತ್ರ ಬರೆದಿದ್ದೀಯಂತೆ ಎಂದು ಕೈಯಲ್ಲಿ ಕೇಳುತ್ತಾನೆ. ಬಣ್ಣದವರು ನಿನ್ನೆ ಅವನಿಗೆ ಹೇಳಿಬಿಟ್ಟಿದ್ದಾರೆ.

"ಕೊಡಬೇಡ" ಎನ್ನುತ್ತವೆ ಹಿಟ್ಟಿನ ಕೈಗಳು. "ನಿನ್ನದೊಂದು ಮಾತು ನನ್ನ ಹತ್ರ ಇದೆ. ಅಮ್ಮ ಅವತ್ತು ಗ್ಯಾಸಿನ ವಿಷಯ ಕೇಳಲಿಲ್ಲ."

ಅಕ್ಕನ ಕೈಯಿಂದ ಟಾರ್ಚು ಜಾರಿ ಮಡಿಲಿಗೆ ಬೀಳುತ್ತದೆ.

"ಅಕ್ಕನಿಗೆ ಹೇಳು, ನನ್ನ ಕೆಲಸ ಅವಳ ತಲೆಗೆ ಕಟ್ಟಬೇಡಿ ಅಂದ್ಲು. ನೀನೂ ಅವಳಿಗೆ ಜೋತುಬೀಳಬೇಡ ಅಂದ್ಲು. ಅವಳು ಅವಳ ಮನೆ ನೋಡ್ಕೊಳ್ಳಲಿ, ಸಾಕು ಅಂದ್ಲು. ನೀನು ಗ್ಯಾಸ್ ಆಫ್ ಮಾಡಿದ್ದೀನಿ ಅಂದಾಗ ಅಮ್ಮನಿಗೆ ಕೇಳಿಸ್ತಲ್ಲ, ನನ್ನನ್ನೇ ನೋಡಿದ್ಲು. ಇನ್ನೂ ಒಂದು ಮಾತಂದ್ಲು." ಕೈಗಳು ನಿಂತು, ಮತ್ತೆ ಏಳುತ್ತವೆ. "ಕಳ್ಳ ಅಂದ್ಲು. ಬೈಗುಳವನ್ನೂ ಬಿಡಬಾರದಲ್ಲ."

ಅಕ್ಕ ಎದ್ದು ನಿಲ್ಲುತ್ತಾರೆ. ಕೈಯೂ ಬಾಯಿಯೂ ಒಟ್ಟಿಗೆ ಹೊರಡುತ್ತವೆ. "ಎರಡು ತಿಂಗಳು! ಎರಡು ತಿಂಗಳು ಬಚ್ಚಿಟ್ಕೊಂಡಿದ್ದೀಯಲ್ಲೋ, ನಿನ್ನ ಬೇಕರಿಯಲ್ಲಿ ಎರಡು ದಿನದ ಬ್ರೆಡ್ಡೇ ಎಸೀತೀರ! ನಾನು ಅಮ್ಮನಿಗೆ ಗ್ಯಾಸಿನ ಸುದ್ದಿ ಹೇಳಿ ಕಳಿಸ್ದೆ ಕಣೋ!" ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ತಮ್ಮ ತಲೆ ತಗ್ಗಿಸುವುದಿಲ್ಲ. ತಗ್ಗಿಸಿದರೆ ಅಕ್ಕನ ಮಾತು ಅವನಿಗೆ ಕಾಣಿಸುವುದಿಲ್ಲ. ಪೂರ್ತಿ ನೋಡಿ, ನಿಧಾನವಾಗಿ ಉತ್ತರ ಕೊಡುತ್ತಾನೆ.

ಕಿಟಕಿಯ ಗುಮಾಸ್ತರು ಹೊರಗೆ ಇಣುಕುತ್ತಾರೆ. "ಏನಮ್ಮ ಜಗಳ? ಏನಂತಿದ್ದಾನೆ?"

ಅಕ್ಕ ಸುಮ್ಮನಿದ್ದುಬಿಡಬಹುದಿತ್ತು. ತಮ್ಮನ ಕಡೆ ನೋಡುತ್ತಾರೆ. ಹೇಳು ಎಂದು ಅವನು ತಲೆಯಾಡಿಸುತ್ತಾನೆ.

"ಅಮ್ಮನೂ ಹೋಗಿ, ಅಕ್ಕನೂ ಬಿಟ್ಟಿದ್ರೆ ನಾವೆಲ್ಲ ಒಂದೇ ದಿನದಲ್ಲಿ ಮೂಕರಾಗ್ತಿದ್ವು, ಹೆದರಿಕೆ ಆಯ್ತು, ಅದಕ್ಕೆ ಕದ್ದೆ, ತಪ್ಪಾಯ್ತು ಅಂತಿದ್ದಾನೆ." ಅಕ್ಕ ತಮ್ಮನ ಕಡೆ ಬೆರಳು ತೋರುತ್ತಾರೆ. "ನಾನಲ್ಲ. ಅವನು."

ಗುಮಾಸ್ತರು ಕಿಟಕಿಯಿಂದ ತಲೆ ಒಳಗೆಳೆದುಕೊಂಡು, ಇಲ್ಲದ ಕಡತವೊಂದನ್ನು ಹುಡುಕತೊಡಗುತ್ತಾರೆ.

ಅಕ್ಕ ಮತ್ತೆ ಕೂತು, ಪೊಟ್ಟಣ ಬಿಚ್ಚಿ ಒಂದು ತುಂಡು ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಇನ್ನೊಂದು ತುಂಡನ್ನು ಅವನಿಗೆ ನೋಡದೆಯೇ ಚಾಚುತ್ತಾರೆ. ಬಹಳ ಹೊತ್ತಿನ ಮೇಲೆ ಜೇಬಿನ ಕಾಗದ ತೆಗೆದು ನಾಲ್ಕು ಚೂರು ಮಾಡಿ, ಅಂಗಡಿಗೆ ಫೋನ್ ಮಾಡುತ್ತಾರೆ. ಮಂಗಳವಾರ ತಾನೇ ಬಾಗಿಲು ತೆಗೆಯುವುದಾಗಿಯೂ, ಶುಕ್ರವಾರ ಮಾತ್ರ ಹನ್ನೆರಡಕ್ಕೆ ಬಂದು, ಮುಚ್ಚುವವರೆಗೂ ಇರುವುದಾಗಿಯೂ ಹೇಳುತ್ತಾರೆ. ಆ ಕಡೆ ಗೊಣಗಾಟ. ಕೊನೆಗೆ ಯಜಮಾನರ ದನಿ, "ಹನ್ನೆರಡು ಅಂದ್ರೆ ಹನ್ನೆರಡು. ಹನ್ನೆರಡೂಕಾಲು ಆದ್ರೆ ನಾನು ಮನುಷ್ಯನೇ ಅಲ್ಲ, ಗೊತ್ತಿರ್ಲಿ!"

ಸುದ್ದಿ ಮಧ್ಯಾಹ್ನದೊಳಗೆ ಇಪ್ಪತ್ತಾರು ಜನರಿಗೂ ತಲುಪುತ್ತದೆ. ಮಂಗಳವಾರ ಇಲ್ಲ, ಶುಕ್ರವಾರ ಮಾತ್ರ. ಬಣ್ಣದವರು ತಕರಾರು ತೆಗೆಯುತ್ತಾರೆ: ಹಾಗಾದರೆ ಬೆನ್ನಿಗೆ ಹೇಳಬೇಕು, ನೋಯುವುದಿದ್ದರೆ ಶುಕ್ರವಾರವೇ ನೋಯಿ ಅಂತ.

"ಅಮ್ಮ ಕಳಿಸಿದ್ದಾಳೆ ಅಂದ್ಕೊಂಡು ಎರಡು ತಿಂಗಳು ನಿಂತೆ. ಬೇಡ ಅಂದಿದ್ಲು ಅಂತ ಈಗ ಗೊತ್ತಾಯ್ತು. ಇನ್ಮೇಲೆ ನಿಲ್ಲೋದು ನನ್ನಿಷ್ಟಕ್ಕೆ" ಎನ್ನುತ್ತಾರೆ ಅಕ್ಕ.

ಮುಂದಿನ ಶುಕ್ರವಾರ, ಅದೇ ಐದೂಮುಕ್ಕಾಲು, ಅದೇ ಮೂಲೆ. ಟಾರ್ಚು ಈಗ ತಮ್ಮನ ಕೈಯಲ್ಲಿದೆ. ಬೇಕರಿಯ ಮೊದಲ ಪಾಳಿ ಬದಲಾಯಿಸಿಕೊಂಡು ಬಂದಿದ್ದಾನೆ. ಬೆಳಕನ್ನು ಅಕ್ಕನ ಬೆರಳುಗಳ ಮೇಲೆ ಹಿಡಿದು ನಿಂತಿದ್ದಾನೆ. ಅಕ್ಕ ಗದರುತ್ತಾರೆ, ಕೈಯಲ್ಲೇ: "ಮುಖದ ಮೇಲೂ ಬಿಡೋ. ಅರ್ಧ ಮಾತು ಅಲ್ಲೇ ಇರೋದು." ಬೆಳಕು ಮೇಲೇರುತ್ತದೆ.

ಆಸ್ಪತ್ರೆಯಿಂದ ಏನಾದರೂ ಆಗಬೇಕಿತ್ತೇ ಎಂದು ಕೇಳಿದರೆ ಅಕ್ಕನಿಗೆ ಒಂದೇ ಆಸೆ: ಮೂರನೇ ಕಿಟಕಿಯ ಮೇಲೊಂದು ಬಲ್ಬು. ಆಗ ತಮ್ಮನ ಕೈಗಳೂ ಮಾತಾಡಲು ಬಿಡುವಾಗುತ್ತವೆ.

"ಅಮ್ಮ ಹನ್ನೊಂದು ವರ್ಷ ಈ ಬಲ್ಬು ಕೇಳಿದ್ಲು, ಮಂಗಳವಾರನೂ ಕೇಳಿದ್ಲು, ಶುಕ್ರವಾರನೂ ಕೇಳಿದ್ಲು" ಎಂದು ಅಕ್ಕ ಸ್ವೆಟರಿನ ತೋಳು ಮಡಚುತ್ತಾರೆ. "ನಾನು ಶುಕ್ರವಾರ ಮಾತ್ರ ಕೇಳ್ತೀನಿ."